ಮೆತ್ತಗಿರೋದು ಅವ್ರ ಹತ್ರ ಇದ್ಯಂತೆ

ಮಧ್ಯಾಹ್ನದಿಂದ ತಲೆ ಕೆಟ್ಟಿದೆ. ಬರೆದು ಹಾಕ್ಲಿಲ್ಲ ಅಂದ್ರೆ ರಾತ್ರಿ ನಿದ್ದೆ ಬರಲ್ಲ, ಅದಕ್ಕೆ ಬರೀತಿದೀನಿ. ಉದ್ದ ಇದೆ, ಪುರುಸೊತ್ತಿದ್ರೆ ಓದಿ, ಇಲ್ದಿದ್ರೆ ಸ್ಕ್ರೋಲ್ ಮಾಡ್ಕೊಂಡು ಹೋಗಿ, ಬೇಜಾರಿಲ್ಲ.

ಇವತ್ತು ಆಷಾಢ ಶುಕ್ರವಾರ ಅಲ್ವಾ, ಹೆಲಿಪ್ಯಾಡ್ ಹತ್ರ ಬಸ್ಸಿಗೆ ಕಾದು, ಚಾಮುಂಡಿ ಬೆಟ್ಟ ಹತ್ತಿ, ಎರಡೂವರೆ ಗಂಟೆ ಕ್ಯೂ ನಿಂತು ತಾಯಿ ದರ್ಶನ ಮಾಡ್ಕೊಂಡು ಇಳಿದವಳು ಸೀದಾ ಮನೆಗೆ ಬಂದಿದ್ರೆ ಆಗ್ತಿತ್ತು. ಅಮ್ಮನ ಸೊಂಟಕ್ಕೆ ಗಟ್ಟಿ ಹಾಸಿಗೆ ಹಾಕ್ಸಿ ಅಂತ ಡಾಕ್ಟರ್ ಹೇಳಿ ತಿಂಗಳಾಯ್ತು, ಹೇಗೂ ಆಷಾಢದ ಡಿಸ್ಕೌಂಟ್ ಇರತ್ತೆ ನೋಡ್ಕೊಂಡು ಹೋಗೋಣ ಅಂತ ಒಂದು ಮ್ಯಾಟ್ರೆಸ್ ಅಂಗಡಿ ಮುಂದೆ ಆಟೋ ಇಳಿದೆ. ಅಂಗಡಿ ಹೆಸರು ಹಾಕಲ್ಲ, ಕೇಳ್ಬೇಡಿ. ಎಂಟಡಿ ಫ್ಲೆಕ್ಸ್. ಮೇಲೆ ಕೆಂಪಕ್ಷರದಲ್ಲಿ:

“ಆಷಾಢ ಅಂತ ಹೆಂಡ್ತಿ ತವರಿಗೆ ಹೋದ್ಲಾ? ಚಿಂತೆ ಯಾಕೆ, ಮೆತ್ತಗಿರೋದು ನಮ್ಮ ಹತ್ರ ಇದೆ! ಬನ್ನಿ, ಒಂದ್ಸಲ ಮಲಗಿ ನೋಡಿ.”

ಕೆಳಗೆ ಒಬ್ಬ ಗಂಡಸು ಕಣ್ಣು ಹೊಡೀತಿರೋ ಕಾರ್ಟೂನು, ಆಮೇಲೆ 40 ಪರ್ಸೆಂಟ್ ಆಫ್.

ನಿಜ ಹೇಳ್ಲಾ, ಓದಿದ ತಕ್ಷಣ ನಂಗೂ ತುಟಿ ಅಂಚಲ್ಲಿ ನಗು ಬಂತು. ಹನ್ನೆರಡು ವರ್ಷ ಹಿಂದಿ ಜಾಹೀರಾತುಗಳನ್ನ ಕನ್ನಡಕ್ಕೆ ತಂದು ಹೊಟ್ಟೆ ಹೊರೆದವಳು ನಾನು, ನಿಮಗೆ ಗೊತ್ತಲ್ಲ, ಲೈನು ಕೂತಿದ್ಯಾ ಇಲ್ವಾ ಅಂತ ಮೊದಲು ಕಿವಿ ನೋಡತ್ತೆ, ಮರ್ಯಾದೆ ಆಮೇಲೆ. ಲೈನು ಕೂತಿತ್ತು. ಆಷಾಢದಲ್ಲಿ ಯಾರೂ ಶುಭಕಾರ್ಯ ಮಾಡಲ್ಲ, ಹೊಸದಾಗಿ ಮದುವೆ ಆದ ಹುಡುಗಿ ತವರಲ್ಲಿ, ವ್ಯಾಪಾರ ಬಿದ್ದಿರತ್ತೆ, ಅದಕ್ಕೇ ಈ ಸೇಲ್ ಹುಟ್ಟಿದ್ದು, ಆ ಎರಡನ್ನೂ ಒಂದೇ ದಾರದಲ್ಲಿ ಪೋಣಿಸಿದಾನೆ, ಪೆದ್ದನೇನಲ್ಲ ಬರೆದವ್ನು.

ಒಳಗೆ ಹೋದೆ. ಸೇಲ್ಸಿಗೆ ಇದ್ದಿದ್ದು ಒಬ್ಳೇ ಹುಡುಗಿ, ಇಪ್ಪತ್ತೆರಡು ಇಪ್ಪತ್ತಮೂರು ಇರ್ಬೋದು, ಮರೂನ್ ಕಲರ್ ಯೂನಿಫಾರ್ಮ್ ಸೀರೆ, ಕೈಯಲ್ಲಿ ಅಳತೆ ಟೇಪು. ಅವಳ ಮುಂದೆ ಮೂರು ಜನ ಹುಡುಗ್ರು. ಹಾಸಿಗೆ ತಗೊಳ್ಳೋ ಮುಖಗಳಲ್ಲ, ಅದು ಬಾಗಿಲಲ್ಲೇ ಗೊತ್ತಾಯ್ತು.

“ಮೇಡಂ, ಮಲಗಿ ನೋಡ್ಬೋದಂತಲ್ಲ, ಬೋರ್ಡಲ್ಲಿ ಹಾಕಿದೀರ?”

“ನೋಡ್ಬೋದು ಸರ್.”

“ಒಬ್ರೇ ಮಲಗ್ಬೇಕಾ?”

ಹಿಂದೆ ಇಬ್ರು ಕಿಸಕಿಸ. ಅವಳು ಹಾಸಿಗೆ ಮೇಲಿನ ಪ್ಲಾಸ್ಟಿಕ್ ಕವರನ್ನ ಕೈಯಲ್ಲಿ ಸವರಿ ಸವರಿ ಸರಿ ಮಾಡ್ತಾ ನಿಂತ್ಲು, ಅದು ಮೊದಲೇ ಸರಿಯಾಗಿತ್ತು. ಆಮೇಲೆ ಅವಳ ಕೆಲಸ ಅವಳು ಮಾಡ್ಬೇಕಲ್ಲ, “ಸಿಂಗಲ್ಲಾ ಸರ್, ಡಬಲ್ಲಾ?” ಅಂದ್ಲು. ಡಬಲ್ ಅಂದಿದ್ದಕ್ಕೆ ನಗು. “ಆರು ಇಂಚಲ್ಲಿದೆ, ಎಂಟು ಇಂಚಲ್ಲಿದೆ” ಅಂದ್ಲು, ಅದಕ್ಕಂತೂ ಒಬ್ಬ ಗೋಡೆ ಹಿಡ್ಕೊಂಡು ನಕ್ಕ. ನಂಗೆ ಅಲ್ಲಿ ಹೊಟ್ಟೆ ಒಳಗೆ ಏನೋ ತಿರುವಿದ ಹಾಗಾಯ್ತು. ಸ್ಪ್ರಿಂಗು, ಗಟ್ಟಿ, ಮೆತ್ತಗೆ, ಡಬಲ್ಲು, ಇಂಚು, ಇವಿಷ್ಟೂ ಆ ಹುಡುಗಿಯ ಕಸುಬಿನ ಮಾತುಗಳು. ಇವನ್ನ ಬಿಟ್ಟು ಅವಳು ಹಾಸಿಗೆ ಮಾರೋದು ಹೇಗೆ? ಓನರ್ರು ಹೊರಗೆ ಎಂಟಡಿ ಬೋರ್ಡ್ ಹಾಕಿ ಆ ಅಷ್ಟೂ ಮಾತಿಗೆ ಇನ್ನೊಂದು ಅರ್ಥ ಅಂಟಿಸಿ, ಒಳಗೆ ಅವಳೊಬ್ಳನ್ನ ನಿಲ್ಸಿದಾರೆ.

ಹುಡುಗ್ರು ಏನೂ ತಗೊಳ್ದೆ ಹೋದ್ರು. ನಾನು ಅಮ್ಮನ ವಿಷ್ಯ ಹೇಳ್ದೆ. ಪಾಪ ಚೆನ್ನಾಗಿ ವಿವರಿಸಿದ್ಲು, ಕಾಯರ್ ಯಾಕೆ, ಮೇಲೆ ತೆಳ್ಳಗೆ ಫೋಮ್ ಯಾಕಿರ್ಬೇಕು, ವಯಸ್ಸಾದವ್ರಿಗೆ ಎದ್ದು ಕೂರೋಕೆ ಎತ್ತರ ಎಷ್ಟಿರ್ಬೇಕು. ಆದ್ರೆ ಒಂದು ಗಮನಿಸ್ದೆ, ಮೆತ್ತಗೆ ಅನ್ನೋ ಪದ ಬಾಯಿಂದ ಬರ್ತಾನೇ ಇಲ್ಲ. ಕೈಯಲ್ಲಿ ಒತ್ತಿ ತೋರ್ಸಿ “ಇದು ಈ ಥರ ಬರತ್ತೆ ಮೇಡಂ” ಅಂತಾಳೆ. ಕೇಳೇ ಬಿಟ್ಟೆ. “ಬೋರ್ಡ್ ಹಾಕಿದ್ಮೇಲೆ ಆ ಮಾತು ಬಿಟ್ಬಿಟ್ಟಿದೀನಿ ಮೇಡಂ” ಅಂತ ನಕ್ಕಳು. ಅವಳೂ ನಕ್ಕಳು, ಗಮನಿಸಿ. ನಾಳೆ ಯಾರಾದ್ರೂ ಅವಳನ್ನ ತೋರ್ಸಿ, ನೋಡಿ ಹುಡುಗಿಯೇ ನಗ್ತಿದಾಳೆ ನಿಮಗೇನ್ರೀ ಕಷ್ಟ ಅಂತ ಕೇಳ್ತಾರೆ.

ಓನರ್ ಹತ್ರ ಹೋಗಿ ಹೇಳ್ದೆ. ಸಭ್ಯಸ್ಥರು, ವಿಭೂತಿ ಇಟ್ಕೊಂಡಿದ್ರು, ಕೂರ್ಸಿ ನೀರು ಕೊಟ್ರು. “ಅಯ್ಯೋ ಅದು ತಮಾಷೆಗೆ ಮೇಡಂ, ಫ್ಲೆಕ್ಸ್ ಹುಡುಗ ಬರ್ದಿದ್ದು, ಜನ ನಿಂತು ಫೋಟೋ ತೆಗೀತಾರೆ ಗೊತ್ತಾ.” ತೆಗೀತಾರೆ ಸಾರ್, ನಾನೂ ತೆಗ್ದೆ. ಹಾಸಿಗೆ ತಗೊಂಡವ್ರು ಎಷ್ಟು ಜನ ಅಂದೆ. ಆಷಾಢ ಮುಗೀಲಿ ಅಂದ್ರು.

ಹಾಸಿಗೆ ತಗೊಳ್ದೆ ಎದ್ದು ಬಂದೆ. ಬರ್ತಾ ಆಟೋದಲ್ಲೇ ಫೋಟೋನ ನಮ್ಮ ಕಾಲೇಜು ಗ್ರೂಪಿಗೆ ಹಾಕ್ದೆ, ಬುದ್ಧಿ ಇಲ್ದೆ. ಸಾಲಾಗಿ ನಗೋ ಇಮೋಜಿ. ಒಬ್ಬ ಮಹಾನುಭಾವ, ಬೆಟ್ಟ ಹತ್ತಿ ಬಂದಿದ್ದಕ್ಕೆ ಮಡಿವಂತಿಕೆ ಜಾಸ್ತಿ ಆಗಿರ್ಬೇಕು ಇವಳಿಗೆ ಅಂದ. ಇನ್ನೊಬ್ಳು, ಹೆಣ್ಣುಮಗಳೇ, “ಲೈಟಾಗಿ ತಗೋ ಕಣೇ” ಅಂದ್ಲು. ಲೈಟಾಗಿ ತಗೋ ಅನ್ನೋ ಮಾತು ಯಾವಾಗ್ಲೂ ಭಾರ ಹೊತ್ತವ್ರಿಗೇ ಯಾಕೆ ಹೇಳ್ತಾರೋ.

ಮಡಿವಂತಿಕೆಯಂತೆ! ನಮ್ಮಜ್ಜಿ ಹೇಳ್ತಿದ್ದ ಒಗಟುಗಳನ್ನ ಇಲ್ಲಿ ಬರೆದ್ರೆ ಅಕೌಂಟೇ ಹೋಗತ್ತೆ. ಕೇಳ್ತಾ ಕೇಳ್ತಾ ಸೊಸೆಯಂದ್ರು ಸೆರಗು ಬಾಯಿಗಿಟ್ಕೊಳ್ಳೋರು, ಕೊನೇಲಿ ನೋಡಿದ್ರೆ ಉತ್ತರ ಒರಳು ಒನಕೆ, “ನಿಮ್ ತಲೆ ಎಲ್ಲಿತ್ರೇ?” ಅಂತ ಅಜ್ಜಿ ಗದರೋದು. ಮದುವೆಮನೇಲಿ ಬೀಗರ ಹಾಡುಗಳು ಏನು ಕಮ್ಮಿನಾ. ಉತ್ತರ ಕರ್ನಾಟಕದ ಕಂಪನಿ ನಾಟಕಗಳ ಡಬಲ್ ಮೀನಿಂಗಿಗೆ ಹೊಟ್ಟೆ ಹಿಡ್ಕೊಂಡು ನಕ್ಕಿದೀನಿ. ಇದನ್ನೇ ಗ್ರೂಪಲ್ಲೂ ಎತ್ತಿದ್ರು, ನಮ್ಮ ಜಾನಪದವೇ ಹಾಗೆ, ಶೃಂಗಾರ ನಮ್ಮ ಸಂಸ್ಕೃತಿಯಲ್ಲೇ ಇದೆ ಅಂತ. ಇದೆ ಮಾರಾಯ, ಯಾರು ಇಲ್ಲ ಅಂದ್ರು. ಆದ್ರೆ ಬೀಗರ ಹಾಡಲ್ಲಿ ಈ ಕಡೆ ಹೆಂಗಸರು ಒಂದು ಹಾಡಿದ್ರೆ ಆ ಕಡೆಯವ್ರು ಎರಡು ಹಾಡ್ತಾರೆ. ನಾಟಕಕ್ಕೆ ದುಡ್ಡು ಕೊಟ್ಟು, ಗೊತ್ತಿದ್ದೇ ಹೋಗಿ ಕೂರ್ತೀವಿ, ಅಲ್ಲೂ ನಟಿ ತಿರುಗಿಸಿ ಕೊಡೋ ಡೈಲಾಗಿಗೇ ಶಿಳ್ಳೆ ಜಾಸ್ತಿ. ಆ ಮರೂನ್ ಸೀರೆ ಹುಡುಗಿ ತಿರುಗಿಸಿ ಒಂದು ಮಾತಾಡಿದ್ರೆ ಸಂಜೆ ಒಳಗೆ ಕೆಲಸ ಇರತ್ತಾ? ಜಾನಪದ ಅಂತೆ, ಜಾನಪದ.

2022 ಜೂನಲ್ಲಿ ಆ ಡಿಯೋಡರೆಂಟ್ ಗಲಾಟೆ ನೆನಪಿದ್ಯಾ? ಲೇಯರ್ ಶಾಟ್ ಅಂತ. ಕ್ರಿಕೆಟ್ ಮಧ್ಯೆ ಬರ್ತಿತ್ತು. ಅದರಲ್ಲಿ ಒಂದು ಇಂಥದ್ದೇ ಅಂಗಡಿ ಸೀನು, ಒಬ್ಳು ಹುಡುಗಿ ಶೆಲ್ಫ್ ಮುಂದೆ, ಹಿಂದೆ ನಾಲ್ಕು ಜನ ಗಂಡಸರು, ನಾವು ನಾಲ್ಕು ಜನ, ಇರೋದು ಒಂದೇ, ಶಾಟ್ ಯಾರು ಹೊಡೀತಾರೆ ಅನ್ನೋ ಥರದ ಮಾತು. ಅವಳು ಬೆಚ್ಚಿ ತಿರುಗಿ ನೋಡಿದ್ರೆ ಅವ್ರು ಹೇಳಿದ್ದು ಬಾಟಲಿ ಬಗ್ಗೆ ಅಂತೆ, ಹ್ಹ ಹ್ಹ ಹ್ಹ. ಅಂದ್ರೆ ಅವಳು ಹೆದರಿದ್ದೇ ಜೋಕು, ಹೆದರಿಕೆ ತೆಗೆದ್ರೆ ಅಲ್ಲಿ ನಗೋಕೆ ಇನ್ನೇನಿದೆ? ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯ ಟ್ವಿಟರ್ರು ಯೂಟ್ಯೂಬಿಗೆ ಹೇಳಿ ಅದನ್ನ ತೆಗೆಸ್ತು, ಜಾಹೀರಾತಿನವ್ರದ್ದೇ ಎಎಸ್‌ಸಿಐ ಅಂತ ಒಂದು ಸಂಸ್ಥೆ ಇದೆ 1985ರಿಂದ, ಅವ್ರೂ ನಿಲ್ಸಿ ಅಂದ್ರು, ಕಂಪನಿ ಕ್ಷಮೆ ಕೇಳ್ತು. ಕ್ಷಮೆ ಕೇಳ್ತಾನೂ, ಬೇಕಾದ ಅಪ್ರೂವಲ್ ಎಲ್ಲಾ ತಗೊಂಡೇ ಹಾಕಿದ್ದು ಅಂದಿದ್ರು. ಅದೇ ನಂಗೆ ಇವತ್ತಿಗೂ ಕಾಡೋದು. ಸ್ಕ್ರಿಪ್ಟು, ಶೂಟಿಂಗು, ಎಡಿಟಿಂಗು, ಇಷ್ಟು ರೂಮು ದಾಟಿ ಬಂದಿದೆ ಅದು. ಯಾವ ರೂಮಲ್ಲೂ ಒಬ್ರಿಗೂ ಗಂಟಲು ಕಟ್ಲಿಲ್ವಾ?

ಇಲ್ಲಿ ಒಂದು ಹೇಳ್ಬೇಕು, ಹೇಳ್ದೆ ಹೋದ್ರೆ ಈ ಪೋಸ್ಟಿಗೆ ಅರ್ಥ ಇಲ್ಲ. ಅಂಥಾ ರೂಮಲ್ಲಿ ನಾನೂ ಕೂತಿದ್ದೆ.

ತುಂಬಾ ವರ್ಷದ ಹಿಂದೆ ಒಂದು ಗ್ರೈಂಡರ್ ಅಂಗಡಿಗೆ ಎಫ್‌ಎಂ ಸ್ಪಾಟ್ ಬರ್ದಿದ್ದೆ. ಹೆಂಡ್ತಿ ಪಿಸುಮಾತಲ್ಲಿ: “ರೀ, ಬೇಡ ರೀ, ಅತ್ತೆ ಎದ್ಬಿಡ್ತಾರೆ.” ಗಂಡ: “ಸದ್ದೇ ಆಗಲ್ಲ ಕಣೇ, ಹತ್ತೇ ನಿಮಿಷ.” ಆಮೇಲೆ ಗ್ರೈಂಡರ್ ಸಣ್ಣಗೆ ತಿರುಗೋ ಶಬ್ದ, ಅಂಗಡಿ ಅಡ್ರೆಸ್ಸು. ನಾಚಿಕೆ ಬಿಟ್ಟು ಹೇಳ್ತೀನಿ, ಆ ಲೈನ್ ಬಗ್ಗೆ ಇವತ್ತಿಗೂ ಒಳಗೊಳಗೆ ಸ್ವಲ್ಪ ಜಂಬ ಇದೆ ನಂಗೆ. ಗಂಡ ಹೆಂಡ್ತಿ ಇಬ್ರೂ ಸೇರಿ ಅತ್ತೆಗೆ ಗೊತ್ತಾಗದ ಹಾಗೆ ಇಡ್ಲಿಗೆ ರುಬ್ತಿದಾರೆ, ಯಾರನ್ನೂ ಅವಮಾನ ಮಾಡಿಲ್ಲ ಅಂತ ನನ್ನ ವಾದ. ಕಾಗದದ ಮೇಲೆ ವಾದ ನಿಲ್ಲತ್ತೆ ಕೂಡ.

ಆದ್ರೆ ರೆಕಾರ್ಡಿಂಗಿಗೆ ಬಂದ ಹುಡುಗಿ, ರಂಗಭೂಮಿಯಿಂದ ಬಂದವಳು, ಮೊದಲ ಟೇಕಲ್ಲೇ ಸರಿಯಾಗಿ ಹೇಳಿದ್ಲು. ಗಾಜಿನ ಈಚೆ ಕೂತಿದ್ದವ್ರು, ಸೌಂಡ್ ಎಂಜಿನಿಯರು, ಏಜೆನ್ಸಿಯವ್ನು, ಅಂಗಡಿ ಮಾಲೀಕನ ಮಗ, “ಆ ‘ರೀ’ ಇನ್ನೊಂಚೂರು... ಗೊತ್ತಾಯ್ತಲ್ಲ, ಇನ್ನೊಂಚೂರು” ಅಂತ ಹನ್ನೊಂದು ಸಲ ಹೇಳಿಸಿದ್ರು. ಹನ್ನೊಂದು. ಕೊನೆಗೆ ತಗೊಂಡಿದ್ದು ಎರಡನೇ ಟೇಕು. ಮೈಕ್ ಆಫ್ ಮಾಡಿ ಈಚೆ ನಗ್ತಿದ್ರು, ಗಾಜಿನಾಚೆ ಅವಳಿಗೆ ಶಬ್ದ ಕೇಳಲ್ಲ ಆದ್ರೆ ಹಲ್ಲು ಕಾಣತ್ತಲ್ಲ. ನಾನೂ ನಕ್ಕೆ. ರೂಮಲ್ಲಿ ನಾನೊಬ್ಳೇ ಹೆಂಗಸು, ನಗ್ದಿದ್ರೆ ಮುಂದಿನ ಕೆಲಸ ಕೊಡಲ್ಲ ಅಂತ ಭಯಕ್ಕೆ ನಕ್ಕೆ ಅಂತ ಸುಮಾರು ವರ್ಷ ನನಗೆ ನಾನೇ ಹೇಳ್ಕೊಂಡಿದೀನಿ. ಪೂರ್ತಿ ನಿಜ ಅಲ್ಲ. ಅವ್ರ ಜೊತೆ ಒಬ್ಳಾಗಿ ಕೂತ್ಕೊಳ್ಳೋದು ಆಗ ಖುಷಿಯಾಗೇ ಇತ್ತು. ಅವಳು ಚೆಕ್ ತಗೊಂಡು ಹೋಗ್ವಾಗ ನನ್ನ ಮುಖ ನೋಡ್ಲಿಲ್ಲ.

ಹಾಗಾಗಿ ಲೈನ್ ಚೆನ್ನಾಗಿದ್ಯಾ, ಅಶ್ಲೀಲನಾ, ಹಾಸ್ಯನಾ ಅಂತ ಗಂಟೆಗಟ್ಟಲೆ ಚರ್ಚೆ ಮಾಡೋದ್ರಲ್ಲಿ ನಂಗೆ ಆಸಕ್ತಿ ಹೋಗಿದೆ. ಆ ಲೈನನ್ನ ದಿನಾ ಯಾರ ಮುಖಕ್ಕೆ ಹೇಳ್ತಾರೆ? ಅಷ್ಟು ಹೇಳಿ ಸಾಕು. ಬರೆದವ್ನು ಒಂದ್ಸಲ ನಕ್ಕು ಬಿಲ್ ಮಾಡಿ ಹೋದ. ರೋಡಲ್ಲಿ ಹೋಗೋರು ಒಂದ್ಸಲ ನಕ್ಕು ಹೋದ್ರು. ಆ ಹುಡುಗಿ ಬೆಳಿಗ್ಗೆ ಹತ್ತರಿಂದ ರಾತ್ರಿ ಒಂಬತ್ತರ ತನಕ ಅದೇ ಜೋಕನ್ನ ಪ್ರತಿಯೊಬ್ಬನ ಬಾಯಲ್ಲೂ ಹೊಸದಾಗಿ ಕೇಳ್ಬೇಕು, ಅದೂ ನಿಂತ್ಕೊಂಡು. ಅಂಗಡಿ ಹೆಣ್ಮಕ್ಕಳು ಕೂತ್ಕೊಳ್ಳೋಕೇ ಕೇರಳದಲ್ಲಿ 2018ರಲ್ಲಿ ಕಾನೂನು ತಿದ್ದಬೇಕಾಯ್ತು, ತಮಿಳುನಾಡಲ್ಲಿ 2021ರಲ್ಲಿ. ಕೂರೋಕೇ ಕಾನೂನು ಬೇಕು ಅಂದ್ರೆ ಜೋಕಿಂದ ತಪ್ಪಿಸ್ಕೊಳ್ಳೋಕೆ ಇನ್ನೇನು ಬೇಕೋ.

ಕಾನೂನು ಇಲ್ಲ ಅಂತಲ್ಲ. 1986ರದ್ದು ಒಂದಿದೆ, ಮಹಿಳೆಯರ ಅಸಭ್ಯ ಚಿತ್ರಣದ ವಿರುದ್ಧ, ಮೊದಲ ಸಲಕ್ಕೆ ಎರಡು ವರ್ಷದ ತನಕ ಜೈಲು, 2000 ರೂಪಾಯಿ ತನಕ ದಂಡ. ಆದ್ರೆ ಅದರ ಕಣ್ಣೆಲ್ಲ ಹೆಣ್ಣಿನ ಮೈಯನ್ನ ಹೇಗೆ ತೋರಿಸಿದಾರೆ ಅನ್ನೋದ್ರ ಮೇಲೆ. ಈ ಫ್ಲೆಕ್ಸಲ್ಲಿ ಹೆಣ್ಣಿನ ಚಿತ್ರವೇ ಇಲ್ವಲ್ಲ, ಕಣ್ಣು ಹೊಡೆಯೋ ಗಂಡಸು ಮಾತ್ರ. ನಂಗೆ ಜಾಸ್ತಿ ಸಿಟ್ಟು ಬರೋದು 2013ರ ಕಾನೂನು ನೆನೆಸ್ಕೊಂಡ್ರೆ, ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳದ್ದು. ಲೈಂಗಿಕ ಅರ್ಥ ಬರೋ ಮಾತೂ ಅದರಲ್ಲಿ ಕಿರುಕುಳವೇ. ಅಷ್ಟೇ ಅಲ್ಲ, ಅಲ್ಲಿಗೆ ಬಂದು ಹೋಗೋ ಹೊರಗಿನವ್ರಿಂದಲೂ ಹೆಣ್ಮಕ್ಕಳಿಗೆ ರಕ್ಷಣೆ ಕೊಡೋದು ಮಾಲೀಕನ ಕರ್ತವ್ಯ ಅಂತ 19ನೇ ಸೆಕ್ಷನ್ನಲ್ಲಿ ಬರ್ದಿದೆ. ಗಿರಾಕಿಯಿಂದ ಕಾಪಾಡ್ಬೇಕಾದವ್ರು ಗಿರಾಕಿಗೆ ಡೈಲಾಗ್ ಬರ್ಕೊಟ್ಟು ಒಳಗೆ ಕಳಿಸ್ತಿದಾರೆ, ವಿಭೂತಿ ಇಟ್ಕೊಂಡು, ನೀರು ಕೊಟ್ಟು.

ಹಾಗಂತ ಎಲ್ಲಾ ಬ್ಯಾನ್ ಮಾಡಿ ಅಂತ ಕೂಗೋ ಗುಂಪಿಗೆ ನನ್ನ ಸೇರಿಸ್ಬೇಡಿ. ಬ್ಯಾನ್ ಮಾಡೋರ ಅಭಿರುಚಿ ನೋಡಿದೀವಿ. 2017ರ ಡಿಸೆಂಬರಲ್ಲಿ ಬೆಳಿಗ್ಗೆ ಆರರಿಂದ ರಾತ್ರಿ ಹತ್ತರ ತನಕ ಟೀವಿಲಿ ಕಾಂಡೋಮ್ ಜಾಹೀರಾತೇ ಬೇಡ ಅಂದವ್ರು ಅವ್ರು. ಕಾಂಡೋಮನ್ನ ಕಾಂಡೋಮ್ ಅಂತ ಮಾರಿದ್ರೆ ಮಕ್ಕಳು ಹಾಳಾಗ್ತಾರೆ, ಮಾವಿನ ಜ್ಯೂಸನ್ನ ಕಾಮಸೂತ್ರ ನೆನಪಾಗೋ ಹಾಗೆ ಆಮ್‌ಸೂತ್ರ ಅಂತ ಮಾರಿದ್ರೆ ಊಟದ ಹೊತ್ತಿಗೂ ನಡೀತಿತ್ತು. 2007ರಲ್ಲಿ ಆ ‘ಟೊಯಿಂಗ್’ ಚಡ್ಡಿ ಜಾಹೀರಾತನ್ನ ನಿಲ್ಸಿದ್ರಲ್ಲ, ಅಮುಲ್ ಮಾಚೋದು, ಹೊಸ ಮದುಮಗಳು ಗಂಡನ ಚಡ್ಡಿ ಒಗೀತಾ ಖುಷಿ ಪಡೋದು, ಅದು ನಂಗೆ ಅಷ್ಟು ಕೆಟ್ಟದು ಅನ್ನಿಸಿರ್ಲಿಲ್ಲ. ಬೈಯೋರು ಬೈರಿ. ಅವಳು ತನ್ನ ಖುಷಿ ತಾನು ಪಡ್ತಿದ್ಲು. ಈ ಫ್ಲೆಕ್ಸಲ್ಲಿ ಹೆಂಡ್ತಿ ಊರಿಗೆ ಹೋದಳು, ಅವಳ ಬದಲಿಗೆ ಒಂದು ಹಾಸಿಗೆ ಬಂತು, 40 ಪರ್ಸೆಂಟ್ ಕಮ್ಮಿಗೆ.

ನನ್ನ ಮದುವೆ ವರ್ಷದ ಆಷಾಢದಲ್ಲಿ ನಾನೂ ತವರಲ್ಲಿದ್ದೆ. ಇವ್ರು ಪ್ರತಿ ಭಾನುವಾರ ಸೊಸೈಟಿ ಹತ್ರದ ಎಸ್‌ಟಿಡಿ ಬೂತಿಂದ ಫೋನ್ ಮಾಡಿ, ಪಕ್ಕದಲ್ಲಿ ಜನ ಇದಾರೆ ಅಂತ ಮಳೆ ಬಂತಾ, ಬೆಳೆ ಹೇಗಿದೆ ಅಂತ ಕೇಳೋರು. ನಮ್ಮನೇಲಿ ಬೆಳೆನೇ ಇರ್ಲಿಲ್ಲ, ಅಪ್ಪ ಪೋಸ್ಟ್ ಆಫೀಸು. ಹಿಂದೆ ನಿಂತು ನನ್ನ ತಂಗಿಯರು ನಗೋರು, ನಾನೂ ನಗ್ತಿದ್ದೆ. ಅದೂ ಡಬಲ್ ಮೀನಿಂಗೇ.

ಇರ್ಲಿ. ಮನೆಗೆ ಬಂದು ಅಮ್ಮನಿಗೆ ಎಲ್ಲಾ ಹೇಳ್ದೆ, ಪ್ರತಿಭಟನೆ ಮಾಡಿ ತಗೊಳ್ದೆ ಬಂದೆ ಅಂತ ಸ್ವಲ್ಪ ಗತ್ತಲ್ಲೇ ಹೇಳ್ದೆ. ಅಮ್ಮ ಅದೇ ಹಳೇ ಹತ್ತಿ ಹಾಸಿಗೆ ಮೇಲೆ ಮಗ್ಗುಲು ಬದಲಾಯಿಸಿ, ಸೊಂಟ ಹಿಡ್ಕೊಂಡು ಎಲ್ಲಾ ಕೇಳಿಸ್ಕೊಂಡ್ರು.

“ಅಷ್ಟೊತ್ತು ಆ ಹುಡುಗಿ ಹತ್ರ ಎಲ್ಲಾ ತೆಗೆಸಿ ನೋಡಿದ್ಯಲ್ಲ, ತಗೊಂಡಿದ್ರೆ ಅವಳಿಗೆ ಕಮಿಷನ್ನಾದ್ರೂ ಬರ್ತಿತ್ತಲ್ಲೇ.”

ನಾಳೆ ಹತ್ತು ಗಂಟೆಗೆ ಅಂಗಡಿ ತೆಗೀತಾರಂತೆ. ಅಳತೆ ನಾಲ್ಕಡಿಗೆ ಆರಡಿ ಕಾಲು, ಬಿಲ್ಲಲ್ಲಿ ಅವಳ ಹೆಸರು ಬರೆಸ್ಬೇಕು ಅಂತ ಚೀಟಿ ಮಾಡಿಟ್ಕೊಂಡಿದೀನಿ. ಹೆಸರೇ ಕೇಳ್ದೆ ಬಂದಿದೀನಿ.