ಅಮೆರಿಕದ ಕಾರ್ಡು, ಮಲೆನಾಡಿನ ಕರೆಂಟು

ನಮ್ಮ ಮನೆಯ ಕಂಪ್ಯೂಟರನ್ನು ನಾನು 2010ರಲ್ಲಿ, ಆ ವರ್ಷದ ಅಡಿಕೆ ಮಾರಿದ ದುಡ್ಡಿನಲ್ಲಿ ಶಿವಮೊಗ್ಗದಿಂದ ತಂದೆ. ಅದರೊಳಗಿನ ವಿಂಡೋಸ್ 7ಕ್ಕೆ ತಯಾರಿಸಿದವರೇ 2020ರ ಜನವರಿಯಲ್ಲಿ ಎಳ್ಳುನೀರು ಬಿಟ್ಟಿದ್ದಾರೆ. ಆದರೂ ತೋಟದ ಲೆಕ್ಕ ಬರೆಯುವುದಕ್ಕೂ ಅಡಿಕೆಯ ಧಾರಣೆ ನೋಡುವುದಕ್ಕೂ ಅದು ಧಾರಾಳವಾಗಿ ಸಾಕು. ತೀರ್ಥಹಳ್ಳಿಯ ಆಚೆಯ ನಮ್ಮ ಹಳ್ಳಿಗೆ ಫೈಬರ್ ಇಂಟರ್ನೆಟ್ ಬಂದಾಗ, ಜಗಲಿಯಲ್ಲಿ ಕೂತ ರೌಟರಿನಿಂದ ಉಪ್ಪರಿಗೆಯ ಕಂಪ್ಯೂಟರಿಗೆ ತಂತಿ ಎಳೆಯಬೇಕಾದರೆ ಅಜ್ಜ ಕಟ್ಟಿಸಿದ ಜಂಬಿಟ್ಟಿಗೆಯ ಗೋಡೆಯನ್ನು ಕೊರೆಯಬೇಕಾಗುತ್ತಿತ್ತು. ಅದಕ್ಕೆ ಅಮ್ಮ ಒಪ್ಪಲಿಲ್ಲ. ಆ ಹೊತ್ತಿಗೆ ಸರಿಯಾಗಿ ಅಮೆರಿಕದಿಂದ ರಜೆಗೆ ಬಂದ ಭಾವ, ತಮ್ಮ ಹಳೆಯ ಕಂಪ್ಯೂಟರಿನಿಂದ ಕಳಚಿಟ್ಟಿದ್ದ ವೈಫೈ ಕಾರ್ಡೊಂದನ್ನು ಚಾಕೊಲೇಟುಗಳ ಜೊತೆ ಕೊಟ್ಟು ಹೋದರು.

ಕಾರ್ಡನ್ನು ಖಾಲಿ ಸ್ಲಾಟಿಗೆ ಒತ್ತಿ ಕೂರಿಸಿ, ಹಿಂಬದಿಗೆ ಆಂಟೆನಾ ತಿರುಗಿಸಿ, ಫೋನನ್ನು ಯುಎಸ್‌ಬಿ ವೈರಿನಲ್ಲಿ ಸಿಕ್ಕಿಸಿ, ಕಾರ್ಡನ್ನು ನಡೆಸುವ ಡ್ರೈವರ್ ಎಂಬ ತಂತ್ರಾಂಶವನ್ನು ಇಳಿಸಿಕೊಂಡೆ. ಇಂಟರ್ನೆಟ್ ಬರಬೇಕಾದರೆ ಡ್ರೈವರ್ ಬೇಕು, ಡ್ರೈವರ್ ಬರಬೇಕಾದರೆ ಇಂಟರ್ನೆಟ್ ಬೇಕು ಎಂಬ ಈ ಏರ್ಪಾಡನ್ನು ಮಾಡಿದವರು ಹಿಂದೆ ಯಾವುದೋ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರಾಗಿದ್ದಿರಬೇಕು. ಅಂತೂ ಸಂಪರ್ಕ ಸಿಕ್ಕಿತು. ಅಂದು ಸಂಜೆ ಅಡಿಕೆಯ ಧಾರಣೆಯನ್ನು ಮನೆಯವರಿಗೆಲ್ಲ ಕೇಳುವಂತೆ ಗಟ್ಟಿಯಾಗಿ ಓದಿದೆ.

ಮೂರನೆಯ ದಿನ ಬೆಳಿಗ್ಗೆ ನೋಡಿದರೆ ಕಂಪ್ಯೂಟರಿನ ಪಟ್ಟಿಯಲ್ಲಿ ನಮ್ಮ ಮನೆಯ ವೈಫೈ ಹೆಸರೇ ಇರಲಿಲ್ಲ. ಸಂಪರ್ಕ ನಿಧಾನವಾಗಿದ್ದರೆ, ಗುಪ್ತಪದ ತಪ್ಪಾಗಿದ್ದರೆ ಬೈಯುವುದಕ್ಕೆ ಒಂದು ನೆಲೆಯಾದರೂ ಇರುತ್ತದೆ. ಇಲ್ಲಿ ಹೆಸರೇ ನಾಪತ್ತೆ. ಫೋನುಗಳಲ್ಲಿ ಮಾತ್ರ ಎಲ್ಲವೂ ಸರಾಗವಾಗಿ ಬರುತ್ತಿತ್ತು. ಕಂಪ್ಯೂಟರಿನ ಭಾಗಗಳ ಯೋಗಕ್ಷೇಮ ಹೇಳುವ ಡಿವೈಸ್ ಮ್ಯಾನೇಜರನ್ನು ತೆರೆದರೆ, ಈ ಸಾಧನ ಸರಿಯಾಗಿ ಕೆಲಸ ಮಾಡುತ್ತಿದೆ ಎಂದು ಅದು ಜಾಮೀನು ಬರೆದುಕೊಡುತ್ತಿತ್ತು.

ಆಷಾಢದ ಮಳೆಯಲ್ಲಿ ನಮ್ಮಲ್ಲಿ ಚಪ್ಪಲಿಗೂ ಬೆಲ್ಟಿಗೂ ಬೂಷ್ಟು ಹಿಡಿಯುತ್ತದೆಯಾದ್ದರಿಂದ ಕಾರ್ಡಿಗೂ ಥಂಡಿಯಾಗಿರಬೇಕೆಂದು ತೀರ್ಮಾನಿಸಿ ಕಂಪ್ಯೂಟರಿನ ಡಬ್ಬವನ್ನು ಬಿಚ್ಚಿದೆ. ಒಳಗೆ ಒಂದು ಹಲ್ಲಿಯ ಮೊಟ್ಟೆಯ ಸಿಪ್ಪೆಯೂ, ಹತ್ತು ವರ್ಷದ ಧೂಳೂ ಇದ್ದವು. ಕಾರ್ಡಿನ ಚಿನ್ನದ ಬಣ್ಣದ ಹಲ್ಲುಗಳನ್ನು ಮಗಳ ಪೆನ್ಸಿಲ್ ರಬ್ಬರಿನಿಂದ ಉಜ್ಜಿದೆ. ಈ ಕೆಲಸ ತಿಳಿದವರು ಮಾಡುವುದೂ ಹೀಗೆಯೇ. ಬಚ್ಚಲ ಒಲೆಯ ಮೇಲಿನ ಅಟ್ಟದಲ್ಲಿ ಕಂಬಳಿಯ ಪಕ್ಕ ಒಣಗಲಿಕ್ಕಿಡು ಎಂದು ಅಮ್ಮ ಸಲಹೆ ಕೊಟ್ಟರು. ಹೊಗೆಯ ಭಯದಿಂದ ಅದನ್ನು ಬಿಟ್ಟು, ಕಾರ್ಡನ್ನೂ ಅದರ ಸ್ಕ್ರೂವನ್ನೂ ಕಾಗದದಲ್ಲಿ ಸುತ್ತಿ ಅಕ್ಕಿ ಡಬ್ಬಿಯೊಳಗೆ ಹೂತಿಟ್ಟೆ. ಎರಡು ದಿನ ಬಿಟ್ಟು ತೆಗೆದಾಗ ಕಾಗದ ಹರಿದಿತ್ತು, ಸ್ಕ್ರೂ ಇರಲಿಲ್ಲ. ಸ್ಕ್ರೂ ಇಲ್ಲದೆಯೇ ಕೂರಿಸಿದೆ. ಹೆಸರು ಬಂತು!

ನಾಲ್ಕು ದಿನ ಬಂದು ಮತ್ತೆ ಹೋಯಿತು. ಈ ಸಲ ಡಬ್ಬವನ್ನು ಗೋಣಿಚೀಲದಲ್ಲಿ ಕಟ್ಟಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು, ಕಂಡಕ್ಟರಿಗೆ ಲಗೇಜಿನ ದುಡ್ಡನ್ನೂ ಕೊಟ್ಟು 60ಕ್ಕೂ ಹೆಚ್ಚು ಕಿಲೋಮೀಟರ್ ದೂರದ ಶಿವಮೊಗ್ಗಕ್ಕೆ ಹೊರಟೆ. ದುರ್ಗಿಗುಡಿಯ ಅಂಗಡಿಯೊಂದರ ಹುಡುಗ ಅದನ್ನು ಮೇಜಿನ ಮೇಲಿಟ್ಟು ಚಾಲೂ ಮಾಡಿದ್ದೇ ತಡ, ಆ ಬೀದಿಯ ಹದಿನೈದು ವೈಫೈಗಳ ಹೆಸರು ಸಾಲಾಗಿ ಮೂಡಿದವು. "ಏನೂ ಆಗಿಲ್ವಲ್ಲ ಸಾರ್" ಎಂದ ಹುಡುಗ. ಡಾಕ್ಟರ ಎದುರಿಗೆ ಹೋದೊಡನೆ ಕೆಮ್ಮು ನಿಂತುಬಿಡುವ ರೋಗಿಯ ಕಡೆಯವನಂತೆ ನಾನು ಪೆಚ್ಚಾಗಿ ನಿಂತೆ.

ಮನೆಗೆ ಮರಳಿದ ಮೇಲೆ ಅದು ಒಂದು ವಾರ ಬರುವುದು, ಮೂರು ದಿನ ಬಾರದಿರುವುದು ನಡೆದೇ ಇತ್ತು. ಇಷ್ಟು ಹೊತ್ತಿಗೆ ಮನೆಯಲ್ಲಿ ಶಾಸ್ತ್ರಗಳು ಹುಟ್ಟಿಕೊಂಡಿದ್ದವು. ಗುಡುಗಿದ ದಿನ ಬರುವುದಿಲ್ಲ ಎಂದು ಮಗಳು ಹೇಳಿದರೆ, ನಾನು ಮೂರು ಹೊತ್ತೂ ಅದನ್ನು ಮುಟ್ಟುವುದರಿಂದಲೇ ಬರುವುದಿಲ್ಲ ಎಂದು ಹೆಂಡತಿ ಹೇಳಿದಳು. ಹಲ್ಲಿಯ ಮೊಟ್ಟೆ ತೆಗೆದ ದೋಷ ಎಂಬುದು ಅಮ್ಮನ ವಾದ. ಮಗಳ ಮಾತೇ ಸತ್ಯಕ್ಕೆ ಎಲ್ಲಕ್ಕಿಂತ ಹತ್ತಿರವಿತ್ತು ಎಂಬುದು ಆಮೇಲೆ ತಿಳಿಯಿತು.

ಗಣೇಶನ ಹಬ್ಬಕ್ಕೆ ಬಂದ ತಂಗಿಯ ಮಗ ಇಂಜಿನಿಯರಿಂಗ್ ಓದುತ್ತಾನೆ. ಅವನು ಡಬ್ಬವನ್ನು ಮುಟ್ಟಲೇ ಇಲ್ಲ. ತನ್ನ ಫೋನಿನ ಹಾಟ್‌ಸ್ಪಾಟ್ ಹಾಕಿದ. ಕಂಪ್ಯೂಟರಿನ ಪಟ್ಟಿಯಲ್ಲಿ ಆ ಹೆಸರು ಕೂಡಲೇ ಕಂಡಿತು. ಆಮೇಲೆ ಫೋನಿನಲ್ಲಿ ಏನನ್ನೋ ತೆರೆದು ನೋಡಿ, "ಮಾವ, ರೌಟರ್ 13ರಲ್ಲಿ ಕೂತಿದೆ. ನಿಮ್ಮ ಕಾರ್ಡಿಗೆ 11ರ ಮೇಲೆ ಎಣಿಸೋಕೆ ಬರಲ್ಲ" ಎಂದ.

ಅವನು ವಿವರಿಸಿದ್ದಿಷ್ಟು. 2.4 ಗಿಗಾಹರ್ಟ್ಸ್‌ನ ವೈಫೈಯಲ್ಲಿ ರೇಡಿಯೊ ಸ್ಟೇಷನ್ನುಗಳಂತೆ ಒಂದರ ಪಕ್ಕ ಒಂದು ಚಾನೆಲ್‌ಗಳಿವೆ. ಮೊದಲನೆಯದು 2412 ಮೆಗಾಹರ್ಟ್ಸ್‌ನಲ್ಲಿದ್ದರೆ, ಐದೈದರಂತೆ ಏರುತ್ತ ಹದಿಮೂರನೆಯದು 2472ಕ್ಕೆ ಮುಟ್ಟುತ್ತದೆ. ನಮ್ಮಲ್ಲಿ ಹದಿಮೂರನ್ನೂ ಬಳಸಬಹುದು. ಅಮೆರಿಕಕ್ಕೆಂದು ತಯಾರಾದ ಕಾರ್ಡುಗಳು ಸಾಮಾನ್ಯವಾಗಿ ಹನ್ನೊಂದಕ್ಕೇ ನಿಲ್ಲುತ್ತವೆ. ಭಾವನ ಕಾರ್ಡಿನ ಚಿಪ್ಪಿನಲ್ಲಿ ಅದರ ದೇಶವೂ ಬರೆದಿತ್ತು. ರೌಟರಾದರೋ ಕರೆಂಟು ಹೋಗಿ ಬಂದಾಗಲೆಲ್ಲ ತನಗೆ ಬೇಕಾದ ಚಾನೆಲನ್ನು ತಾನೇ ಆರಿಸಿಕೊಳ್ಳುತ್ತಿತ್ತು. ಕೂಗಿದರೆ ಕೇಳುವಷ್ಟು ದೂರದಲ್ಲಿ ಇನ್ನೊಂದು ಮನೆಯಿಲ್ಲದ ನಮ್ಮಲ್ಲಿ ಇಡೀ ದಾರಿ ಖಾಲಿಯಿದ್ದರೂ, ಕೆಲವು ದನಗಳಂತೆ ಅದು ಬೇಲಿಯ ಅಂಚಿಗೇ ಹೋಗಿ ನಿಲ್ಲುತ್ತಿತ್ತು. ಗುಡುಗಿದರೆ ನಮ್ಮೂರಿನಲ್ಲಿ ಕರೆಂಟು ಹೋಗದೆ ಇರುವುದಿಲ್ಲ. ನನ್ನ ರಬ್ಬರು, ಅಕ್ಕಿ, ಬಸ್ಸು ಯಾವುದಕ್ಕೂ ಇದರಲ್ಲಿ ಪಾತ್ರವಿರಲಿಲ್ಲ.

ಅಳಿಯ ರೌಟರಿನ ಪುಟವನ್ನು ತೆರೆದು, ಚಾನೆಲ್ ಎಂಬಲ್ಲಿ 'ಆಟೋ' ಇದ್ದದ್ದನ್ನು ತೆಗೆದು 6 ಎಂದು ಬರೆದ. ಒಂದು ನಿಮಿಷವೂ ಹಿಡಿಯಲಿಲ್ಲ. ಎರಡು ತಿಂಗಳ ನನ್ನ ದುಡಿಮೆಯನ್ನು ಮನೆಯವರಾರೂ ನೆನೆಯದಿರಲೆಂದು ನಾನು ಕಡುಬಿನ ವಿಷಯವೆತ್ತಿ, ಎಲ್ಲರನ್ನೂ ಊಟಕ್ಕೆ ಎಬ್ಬಿಸಿದೆ.

ಸಾರು ಅನ್ನ ಕಲಸಿ ಎರಡನೆಯ ತುತ್ತು ಬಾಯಿಗಿಟ್ಟ ಅಳಿಯ ಕಟಕ್ಕೆಂದು ಏನನ್ನೋ ಕಡಿದು, ಕೆನ್ನೆ ಹಿಡಿದುಕೊಂಡ. "ಅಕ್ಕಿ ಆರಿಸಿಯೇ ಹಾಕಿದ್ದೆ, ಅದೆಲ್ಲಿ ಕಲ್ಲು ಉಳೀತೋ ಮಾರಾಯ" ಎಂದು ಅಮ್ಮ ನೊಂದುಕೊಂಡರು. ಅವನು ಬಾಯಿಂದ ತೆಗೆದದ್ದನ್ನು ನೀರಿನಲ್ಲಿ ಅದ್ದಿ, ಬೆಳಕಿಗೆ ಹಿಡಿದು ನೋಡಿ, ಏನೂ ಮಾತಾಡದೆ ನನ್ನ ಬಾಳೆಲೆಯ ತುದಿಯಲ್ಲಿ, ಉಪ್ಪಿನ ಪಕ್ಕ ಇಟ್ಟ.