ಒಣಗಿದೆಯಾ ನೋಡಿದೆ, ಅಷ್ಟೇ

ಇವತ್ತು ಬೆಳಿಗ್ಗೆ ಶೆಡ್ಡಿನ ಬಾಗಿಲು ತೆಗೆದರೆ ದೋಣಿಯ ಮುಂದಿನ ಡೆಕ್ ಮೇಲೆ, ಸರಿಯಾಗಿ ನಟ್ಟನಡುವೆ, ಒಂದು ಹೆಬ್ಬೆಟ್ಟಿನ ಗುರುತು. ಒಂದೊಂದು ಗೆರೆಯನ್ನೂ ಎಣಿಸಬಹುದು, ಅಷ್ಟು ಸ್ಪಷ್ಟ. ಆಸ್ತಿಪತ್ರಕ್ಕೆ ಹೆಬ್ಬೆಟ್ಟು ಒತ್ತುವವರೂ ಇಷ್ಟು ನೀಟಾಗಿ ಒತ್ತುವುದಿಲ್ಲ.

ಯಾರದು ಎಂದು ಕೇಳುವ ಅಗತ್ಯವೇ ಇಲ್ಲ. ಪಕ್ಕದ ಮನೆ ರಾಯರದು.

ಮರಕ್ಕೆ ವಾರ್ನಿಶ್ ಹೊಡೆದವರಿಗೆ ಈ ಸಂಕಟ ಗೊತ್ತಿರುತ್ತದೆ. ಮೊದಲು ಹಳೆಯ ಕೋಟನ್ನು ಸ್ಯಾಂಡ್‌ಪೇಪರಿನಿಂದ ತಿಕ್ಕಬೇಕು. ಧೂಳು ಒರೆಸಬೇಕು. ಒರೆಸಿದ ಮೇಲೂ ಉಳಿದ ಧೂಳು ಏಳದಿರಲಿ ಎಂದು ನೆಲಕ್ಕೆ ನೀರು ಚಿಮುಕಿಸಬೇಕು. ಡಬ್ಬಿಯನ್ನು ಕಲಕಬೇಕು, ಕುಲುಕಬಾರದು. ಕುಲುಕಿದರೆ ಗುಳ್ಳೆ ಏಳುತ್ತದೆ, ಗುಳ್ಳೆ ಡೆಕ್ ಮೇಲೆ ಹಾಗೇ ಒಣಗುತ್ತದೆ. ಬಿಸಿಲು ಜಾಸ್ತಿ ಇರಬಾರದು, ಸಂಜೆಯ ಮಂಜು ಬೀಳಬಾರದು, ಗಾಳಿ ಬೀಸಬಾರದು. ಹಾಯಿದೋಣಿ ಇಟ್ಟುಕೊಂಡವನು ಗಾಳಿ ಬೇಡಪ್ಪಾ ಎನ್ನುವುದು ವಾರ್ನಿಶ್ ಹೊಡೆಯುವ ದಿನ ಮಾತ್ರ. ಇಷ್ಟೆಲ್ಲ ಕೂಡಿಬಂದು, ಕುಂಚದ ತುದಿಯಿಂದ ಕೊನೆಯ ಎಳೆ ಎಳೆದು, ಉಸಿರು ಬಿಗಿಹಿಡಿದು ಹಿಂದೆ ಸರಿದು ನೋಡಿದರೆ ಡೆಕ್ ಕನ್ನಡಿಯಾಗಿರುತ್ತದೆ. ಆ ಕನ್ನಡಿಯಲ್ಲಿ ಮೊದಲು ಕಾಣುವ ಮುಖ ರಾಯರದು. ಹಿಂದೆಯೇ ನಿಂತಿರುತ್ತಾರೆ.

"ಒಣಗಿದೆಯಾ?"

"ಇಲ್ಲ ರಾಯರೇ, ಈಗ ತಾನೇ ಹೊಡೆದೆ."

"ಹೌದಾ?"

ಹೌದಾ ಎನ್ನುವಾಗಲೇ ಒತ್ತಿ ಆಗಿರುತ್ತದೆ.

ವಿಜ್ಞಾನವನ್ನೂ ಹೇಳಿ ನೋಡಿದ್ದೇನೆ. ವಾರ್ನಿಶ್ ಬಟ್ಟೆಯ ಹಾಗೆ ಒಣಗುವುದಿಲ್ಲ ರಾಯರೇ, ಮೊದಲು ಅದರಲ್ಲಿರುವ ತಿನ್ನರ್ ಆವಿಯಾಗಿ ಹೋಗಬೇಕು, ಆಮೇಲೆ ಎಣ್ಣೆ ಗಾಳಿಯಿಂದ ಆಮ್ಲಜನಕ ಹೀರಿಕೊಂಡು ನಿಧಾನವಾಗಿ ಗಟ್ಟಿಯಾಗಬೇಕು, ಮೇಲೆ ಒಣಗಿದಂತೆ ಕಂಡರೂ ಒಳಗೆ ಮೆತ್ತಗೇ ಇರುತ್ತದೆ ಎಂದೆ. ಬಹಳ ಆಸಕ್ತಿಯಿಂದ ಕೇಳಿದರು. ಒಳಗೆ ಮೆತ್ತಗಿರುತ್ತದೆ ಎನ್ನುವುದು ಅವರಿಗೆ ಹೊಸ ವಿಷಯ. ಅದನ್ನೂ ಪರೀಕ್ಷಿಸಿದರು.

ಹಗ್ಗ ಕಟ್ಟಿದೆ. ಹಗ್ಗದಡಿ ಬಗ್ಗಿ ಬಂದರು. ಅವರ ವಯಸ್ಸಿಗೆ ಅಷ್ಟು ಬಗ್ಗುವುದು ಸಾಮಾನ್ಯ ಸಂಗತಿಯಲ್ಲ, ಆ ಮಟ್ಟಿಗೆ ಮೆಚ್ಚಬೇಕು. ಆಮೇಲೆ ಒಂದು ಹಲಗೆಗೆ ಬಣ್ಣದಲ್ಲಿ "ಹಸಿ ಇದೆ, ಮುಟ್ಟಬೇಡಿ" ಎಂದು ಬರೆದು ನೇತುಹಾಕಿದೆ. ರಾಯರು ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದರು. ಓದಿ, ಆ ಅಕ್ಷರಗಳನ್ನು ಒತ್ತಿ ನೋಡಿದರು. "ಬೋರ್ಡಿನದು ಒಣಗಿದೆ ಕಣಪ್ಪ" ಎಂದು ವರದಿ ಒಪ್ಪಿಸಿದರು.

ಕೊನೆಗೆ ಒಂದು ಉಪಾಯ ಮಾಡಿದೆ. ಅಂಗೈಯಗಲದ ಪ್ಲೈವುಡ್ ತುಂಡಿಗೂ ಅದೇ ಡಬ್ಬಿಯ ವಾರ್ನಿಶ್ ಹೊಡೆದು, ಬಾಗಿಲ ಹತ್ತಿರ ಸ್ಟೂಲಿನ ಮೇಲಿಟ್ಟು, "ರಾಯರೇ, ಇದು ನಿಮಗೇ. ಎಷ್ಟು ಬೇಕಾದರೂ ಒತ್ತಿ" ಎಂದೆ. ಅವರಿಗೆ ಖುಷಿಯಾಯಿತು. ಸಂಜೆವರೆಗೂ ಹೋಗಿ ಬಂದು ಒತ್ತಿದರು. ಒಮ್ಮೆ ಅದನ್ನು ಮೂಸಿಯೂ ನೋಡಿದರು. ದೋಣಿಯ ಕಡೆ ತಲೆಯೂ ಹಾಕಲಿಲ್ಲ. ಗೆದ್ದೆ ಅಂದುಕೊಂಡೆ. ದೀಪ ಹಚ್ಚುವ ಹೊತ್ತಿಗೆ ಅವರ ದನಿ ಕೇಳಿಸಿತು: "ಇದು ಒಣಗಿಬಿಟ್ಟಿದೆ. ಅಂದಮೇಲೆ ಅದೂ ಒಣಗಿರಬೇಕಲ್ವಾ?" ನಾನು ಓಡಿ ಬರುವಷ್ಟರಲ್ಲಿ ಅದೂ ಇದೂ ಒಂದೇ ಎಂದು ಖಾತ್ರಿ ಮಾಡಿಕೊಂಡಿದ್ದರು. ಒಂದೇ ಆಗಿರಲಿಲ್ಲ.

ಈ ಚಟ ಅಂಟಿದ್ದು ಯಾವಾಗ ಎಂದೂ ನನಗೆ ಗೊತ್ತು. ದೋಣಿ ನನ್ನ ಕೈಗೆ ಬಂದಾಗ ವರ್ಷಗಟ್ಟಲೆ ಬಯಲಲ್ಲಿ ಮಳೆಗೆ ಬಿದ್ದಿತ್ತು. ಮರದ ದೋಣಿಗೆ ಸಮುದ್ರದ ನೀರಿಗಿಂತ ಮಳೆನೀರಿನ ಕಾಟವೇ ಜಾಸ್ತಿ. ಉಪ್ಪು ಇದ್ದಲ್ಲಿ ಮರ ತಿನ್ನುವ ಬೂಷ್ಟು ಅಷ್ಟಾಗಿ ಬೆಳೆಯುವುದಿಲ್ಲ, ಸಿಹಿನೀರು ನಿಂತಲ್ಲಿ ಆರಾಮವಾಗಿ ಸಂಸಾರ ಹೂಡುತ್ತದೆ. ಮೇಲಿನ ಬಣ್ಣ ಮಾತ್ರ ಏನೂ ಆಗದವರ ಹಾಗೆ ಹೊಳೆಯುತ್ತಿರುತ್ತದೆ. ನಾನು ಸ್ಕ್ರೂಡ್ರೈವರ್ ಹಿಡಿದು ಅಲ್ಲಲ್ಲಿ ಚುಚ್ಚಿ ನೋಡುತ್ತಿದ್ದೆ. ರಾಯರು ಬಂದವರು, "ಇಲ್ಲೇನಾಗಿದೆ?" ಎಂದು ಹಿಂಬದಿಯ ಮೂಲೆಯನ್ನು ಒತ್ತಿದರು. ಹೆಬ್ಬೆಟ್ಟು ಗೆಣ್ಣಿನವರೆಗೆ ಒಳಗೆ ಹೋಯಿತು. ಅಲ್ಲಿಂದ ಕತ್ತರಿಸುತ್ತಾ ಹೋದರೆ ಮೊಳದುದ್ದ ಮರ ಪುಡಿಯಾಗಿತ್ತು. ಆವತ್ತಿನಿಂದ ರಾಯರಿಗೆ ತಮ್ಮ ಬೆರಳಿನ ಮೇಲೆ ಅಪಾರ ನಂಬಿಕೆ. ನಾನೂ ಏನೂ ಅನ್ನುವ ಹಾಗಿಲ್ಲ.

ದೋಣಿಯ ಜಾತಿ ಹೇಳಲಿಲ್ಲ ನೋಡಿ. ಮಿರರ್ ಡಿಂಗಿ. ಡಿಂಗಿ ಅಂದರೆ ಪುಟ್ಟ ದೋಣಿ. 1962ರಲ್ಲಿ ಬ್ರಿಟನ್ನಿನಲ್ಲಿ ಹುಟ್ಟಿದ್ದು. ದೋಣಿ ವಿನ್ಯಾಸದಲ್ಲಿ ಪಳಗಿದ ಜಾಕ್ ಹೋಲ್ಟ್ ಮತ್ತು ಟೀವಿಯಲ್ಲಿ ಮನೆ ರಿಪೇರಿ ಕಲಿಸುತ್ತಿದ್ದ ಬ್ಯಾರಿ ಬಕ್ನೆಲ್ ಸೇರಿ ಮಾಡಿದ್ದು. 'ಡೈಲಿ ಮಿರರ್' ಪತ್ರಿಕೆ ಬೆನ್ನಿಗೆ ನಿಂತಿತು, ಅದಕ್ಕೇ ಆ ಹೆಸರು, ಅದಕ್ಕೇ ಕೆಂಪು ಹಾಯಿ. ಪ್ಲೈವುಡ್ ಹಾಳೆಗಳ ಅಂಚಿಗೆ ತೂತು ಕೊರೆದು, ತಾಮ್ರದ ತಂತಿಯಲ್ಲಿ ಹೊಲಿದು, ಸಂದಿಗೆ ಗ್ಲಾಸ್ ಫೈಬರ್ ಪಟ್ಟಿ ಮತ್ತು ರೆಸಿನ್ ಎಂಬ ಅಂಟು ಮೆತ್ತಿದರೆ ದೋಣಿ ಸಿದ್ಧ. ಬಡಗಿ ಬೇಡ, ದೊಡ್ಡ ಕಾರ್ಖಾನೆ ಬೇಡ. ಶುರುವಿನಲ್ಲಿ, ನಾವೇ ಜೋಡಿಸಿಕೊಳ್ಳುವ ಈ ಬಿಡಿಭಾಗಗಳ ಕಿಟ್‌ನ ಬೆಲೆ 63 ಪೌಂಡ್ 11 ಶಿಲ್ಲಿಂಗ್. ಇಲ್ಲಿಯವರೆಗೆ 70,000ಕ್ಕೂ ಹೆಚ್ಚು ದೋಣಿಗಳಾಗಿವೆ. ಪತ್ರಿಕೆಯೊಂದು ಹುಟ್ಟಿಸಿದ ದೋಣಿಯ ಅಡಿಗೆ, ವಾರ್ನಿಶ್ ತೊಟ್ಟಿಕ್ಕದಿರಲಿ ಎಂದು, ನಾನು ಈಗ ಹಾಸುವುದೂ ಹಳೇ ಪೇಪರನ್ನೇ.

ಉದ್ದ 3.3 ಮೀಟರ್, ತೂಕ ಸುಮಾರು 45 ಕೆಜಿ ಎಂದು ಎಲ್ಲ ಕಡೆ ಬರೆದಿರುತ್ತಾರೆ. ಪ್ಲೈವುಡ್ ಕುಡಿದಿರುವ ಮಳೆನೀರಿನ ತೂಕವನ್ನು ಯಾರೂ ಬರೆದಿಲ್ಲ. 1990ರ ದಶಕದ ಕೊನೆಯಲ್ಲಿ ಒಬ್ಬ ಶಾಲಾ ಮೇಷ್ಟ್ರು ಇಂಥದೇ ದೋಣಿ ಹತ್ತಿ, ಇಂಗ್ಲೆಂಡಿನ ಹೊಳೆ ಇಳಿದು, ಇಂಗ್ಲಿಷ್ ಕಡಲ್ಗಾಲುವೆ ದಾಟಿ, ಯುರೋಪಿನ ನದಿ ನಾಲೆಗಳನ್ನು ಹಿಡಿದು ಕಪ್ಪು ಸಮುದ್ರದವರೆಗೂ ಹೋದರು. ಅವರ ಪಕ್ಕದ ಮನೆಯಲ್ಲಿ ಯಾರಿದ್ದರೋ, ಪುಣ್ಯವಂತರು.

ನನ್ನ ದೋಣಿಯನ್ನು ಮೊದಲು ಕಟ್ಟಿದವರು ಯಾರೆಂದು ನನಗೆ ಗೊತ್ತಿಲ್ಲ. ಕೈ ಮಾತ್ರ ಪರಿಚಯವಾಗಿದೆ. ತಂತಿಯನ್ನು ತಿರುಚುವಾಗ ಬಲಗಡೆಯೆಲ್ಲ ನೀಟು, ಎಡಗಡೆ ಸ್ವಲ್ಪ ಅವಸರ. ಕತ್ತರಿಸಿ ಬಿಟ್ಟ ತಂತಿಯ ತುದಿಗಳು ಹಸಿರು ಹಿಡಿದು, ಇಷ್ಟು ವರ್ಷ ನನ್ನ ಬೆರಳಿಗೇ ಕಾದು ಕುಳಿತಿದ್ದವು. ಬದಿಯಲ್ಲಿ ಗಾಳಿ ತುಂಬಿ ತೇಲಿಸುವ ಮುಚ್ಚಿದ ಪೆಟ್ಟಿಗೆಗಳಿರುತ್ತವಲ್ಲ, ಅವುಗಳಲ್ಲಿ ಒಂದನ್ನು ಬಿಚ್ಚಿದಾಗ ಒಳಮೈಯಲ್ಲಿ ಪೆನ್ಸಿಲಿನಲ್ಲಿ ಹಾಕಿದ ಒಂದು ಕಳೆಯುವ ಲೆಕ್ಕ ಸಿಕ್ಕಿತು. ಉತ್ತರ ತಪ್ಪು. ಅದರ ಕೆಳಗೆ ಬೇರೆ ಯಾರದೋ ದುಂಡು ದುಂಡು ಅಂಕಿ, ಮಕ್ಕಳು ನಾಲಿಗೆ ಕಚ್ಚಿಕೊಂಡು ಬರೆಯುತ್ತಾರಲ್ಲ ಅಂಥದು, ಸರಿ ಉತ್ತರ. ಆ ಮಗುವಿಗೆ ಈಗ ಮೊಮ್ಮಕ್ಕಳಿರಬಹುದು. ದೋಣಿ ಹೇಗೆ ಮಳೆಗೆ ಬಿತ್ತೋ, ಯಾರಿಗೆ ಬೇಡವಾಯಿತೋ. ಆ ಜಾಗ ಗಟ್ಟಿಯಾಗಿತ್ತು. ಬಣ್ಣ ಬಳಿಯಲಿಲ್ಲ. ಎಪಾಕ್ಸಿ ಎಂಬ ಪಾರದರ್ಶಕ ಅಂಟು ಹಚ್ಚಿ ಲೆಕ್ಕವನ್ನು ಹಾಗೇ ಬಿಟ್ಟೆ. ಅದನ್ನು ಮಾತ್ರ ರಾಯರು ಒತ್ತಲಿಲ್ಲ. ಬಗ್ಗಿ ನೋಡಿ, "ಪಾಪ, ಅಪ್ಪನಿಗೆ ಲೆಕ್ಕ ಬರ್ತಿರಲಿಲ್ಲ" ಎಂದರು.

ಹೋದ ಸೀಸನ್ನಿನಲ್ಲಿ ಅವರನ್ನೂ ನೀರಿಗೆ ಕರೆದುಕೊಂಡು ಹೋಗಿದ್ದೆ. ಲೈಫ್ ಜಾಕೆಟ್ ತೊಡಿಸಿದೆ. ಅದನ್ನು ಎರಡು ಕಡೆ ಒತ್ತಿ ನೋಡಿದರು. ಮೆಲುಗಾಳಿ ಇತ್ತು. ಕೆಂಪು ಹಾಯಿ ಮೊದಲು ಪಟಪಟ ಅಂದು, ಆಮೇಲೆ ಒಮ್ಮೆಗೇ ತುಂಬಿಕೊಂಡು ಸುಮ್ಮನಾಯಿತು. ಅಡಿಯ ಪ್ಲೈವುಡ್ಡಿಗೆ ನೀರು ತಾಗುವ ಸದ್ದು ಶುರುವಾಯಿತು. ಇಂಜಿನ್ನಿಲ್ಲ, ವಾಸನೆಯಿಲ್ಲ, ಆದರೂ ಹೋಗುತ್ತಿದ್ದೇವೆ. ತಿಕ್ಕಿದ್ದು, ಮೆತ್ತಿದ್ದು, ಬೆನ್ನು ಹಿಡಿದುಕೊಂಡದ್ದು ಎಲ್ಲ ಇದಕ್ಕೇ ತಾನೆ. ರಾಯರೂ ಮಾತು ನಿಲ್ಲಿಸಿ ಬೆರಳನ್ನು ನೀರಿಗೆ ಇಳಿಬಿಟ್ಟರು. ಅಲ್ಲಿ ಎಷ್ಟು ಒತ್ತಿದರೂ ಗುರುತು ಉಳಿಯುವುದಿಲ್ಲ. ನನಗೆ ನೆಮ್ಮದಿಯಾಗಿತ್ತು.

ವಾಪಸ್ ಬರುವಾಗ ಗಾಳಿ ಎದುರು. ಹಾಯಿದೋಣಿ ನೇರ ಗಾಳಿಗೆದುರಾಗಿ ಹೋಗಲಾರದು. ಸುಮಾರು 45 ಡಿಗ್ರಿ ಓರೆಯಾಗಿ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ಹೋಗುತ್ತಾ ದಡ ಸೇರಬೇಕು.

"ದಡ ಅಲ್ಲಿದೆಯಲ್ಲಪ್ಪ," ರಾಯರು ಕೈ ತೋರಿಸಿದರು.

"ಹೌದು ರಾಯರೇ."

"ಮತ್ತೆ ಇತ್ತ ಯಾಕೆ ಹೋಗ್ತಿದ್ದೀಯಾ?"

ವಿವರಿಸಿದೆ. ತಲೆ ಆಡಿಸಿದರು. ದೋಣಿ ತಿರುಗಿಸಿದೆ.

"ಈಗ ಅತ್ತ ಯಾಕೆ?"

ಮತ್ತೆ ವಿವರಿಸಿದೆ. ಸ್ವಲ್ಪ ಹೊತ್ತು ಯೋಚಿಸಿದರು. ನಾನು ಇಷ್ಟು ಕಾಲ ತಿಕ್ಕಿ ಬೆಳಗಿದ ಡೆಕ್ಕನ್ನೂ, ಹಾಯಿಯನ್ನೂ, ಹಗ್ಗಗಳನ್ನೂ ಒಂದೊಂದಾಗಿ ಕನಿಕರದಿಂದ ನೋಡಿದರು.

"ಎಲ್ಲ ಚೆನ್ನಾಗಿ ಮಾಡಿದ್ದೀಯಪ್ಪ. ಇದಕ್ಕೊಂದು ಮೋಟಾರ್ ಹಾಕಿಸಿಬಿಡು."

ಆಗ ಮತ್ತೆ ತಿರುಗಿಸುವ ಹೊತ್ತಾಗಿತ್ತು. ತಿರುಗಿಸುವಾಗ ಹಾಯಿಯ ಕೆಳಗಿನ ಅಡ್ಡಗೋಲು, ಅಂದರೆ ಬೂಮ್, ಈ ಬದಿಯಿಂದ ಆ ಬದಿಗೆ ಸರ್ರನೆ ಬರುತ್ತದೆ. "ತಲೆ ತಗ್ಗಿಸಿ" ಎಂದು ಕೂತವರಿಗೆ ಮೊದಲೇ ಹೇಳಬೇಕು. ಹೇಳಿದೆ. ಸ್ವಲ್ಪ ತಡವಾಗಿ ಹೇಳಿದೆ. ತಲೆ ಉಳಿಯಿತು, ಟೋಪಿ ಹೋಯಿತು. ಅದು ತೇಲುತ್ತಿದ್ದದ್ದೂ ಗಾಳಿ ಬರುವ ದಿಕ್ಕಿನಲ್ಲೇ. ಎತ್ತಿಕೊಳ್ಳಲು ಮತ್ತೆ ಅತ್ತ ಒಮ್ಮೆ, ಇತ್ತ ಒಮ್ಮೆ ಹೋಗಬೇಕಾಯಿತು. ಯಾಕೆ ಅಂತ ಈ ಸಲ ಅವರು ಕೇಳಲಿಲ್ಲ.