ಶಾಲೆಯಲ್ಲಿ ಅವರೆಕಾಳು ಹಿದುಕಿಸಿದ್ದು ಯಾಕೆ ಅಂತ ಅಪ್ಪ ಅಮ್ಮನಿಗೆ ಯಾರು ಹೇಳಬೇಕು?

ಡಿಸೆಂಬರ್, ಜನವರಿ ಬಂತೆಂದರೆ ಮೈಸೂರು, ಮಂಡ್ಯ ಕಡೆ ಬೀದಿ ಬದಿಯಲ್ಲೆಲ್ಲ ಅವರೆಕಾಯಿ ರಾಶಿ. ಒಂದನೇ ತರಗತಿಯ ಟೀಚರೊಬ್ಬರು ರಾತ್ರಿ ನೆನೆಸಿಟ್ಟ ಕಾಳು ತಂದು, ಐದೈದು ಮಕ್ಕಳ ನಡುವೆ ಒಂದೊಂದು ಬಟ್ಟಲಿಟ್ಟು ಹಿದುಕಿಸಿದರು ಅನ್ನಿ. ಸಂಜೆ ಮಗು ಮನೆಗೆ ಹೋಗಿ "ಇವತ್ತು ಕಾಳು ಹಿದುಕಿದ್ವಿ" ಅನ್ನುತ್ತದೆ. ಮನೆಯವರಿಗೆ ಕೇಳಿಸುವುದೇ ಬೇರೆ: ಟೀಚರ್ ಮನೆ ಸಾರಿಗೆ ನಮ್ಮ ಮಗು ಇದುಕ್‌ಬೇಳೆ ಮಾಡಿಕೊಡುತ್ತಿದೆ! ಮಾರನೇ ದಿನ ಗೇಟಿನ ಹತ್ತಿರ ಗುಸುಗುಸು, ಅದರ ಮಾರನೇ ದಿನ ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಅಧ್ಯಕ್ಷರಿಗೆ ಫೋನು.

ನಿಜಕ್ಕೂ ಅಲ್ಲಿ ನಡೆದದ್ದೇನು? ಹೆಬ್ಬೆರಳು, ತೋರುಬೆರಳಿನ ತುದಿ ಸೇರಿಸಿ ಸಿಪ್ಪೆ ಜಾರುವಷ್ಟೇ ಒತ್ತಬೇಕು. ಜಾಸ್ತಿಯಾದರೆ ಬೇಳೆ ಎಗರಿ ಪಕ್ಕದವನ ಕೆನ್ನೆಗೆ ಹೊಡೆಯುತ್ತದೆ, ಕಮ್ಮಿಯಾದರೆ ಸಿಪ್ಪೆ ಅಲ್ಲಾಡುವುದೂ ಇಲ್ಲ. ಪೆನ್ಸಿಲ್ ಹಿಡಿಯಲು ಬೇಕಾದದ್ದೂ ಇದೇ ಹಿಡಿತ, ಇದೇ ಹದ. ಮುಷ್ಟಿಯಲ್ಲಿ ಪೆನ್ಸಿಲ್ ಹಿಡಿದು ಹಾಳೆ ಹರಿಯುವ ಮಗುವಿಗೆ ಹತ್ತು ಪುಟ ಕಾಪಿ ಬರೆಸುವುದಕ್ಕಿಂತ ಹದಿನೈದು ಕಾಳು ಹಿದುಕಿಸುವುದು ಮೇಲು. ಮೂವತ್ತು ಮಕ್ಕಳಿಗೆ ಅಚ್ಚೇರು, ಅಂದರೆ ಅರ್ಧ ಸೇರು ಕಾಳು ಸಾಕು. ಪೂರ್ತಿ ರಾತ್ರಿ ನೆನೆಯಬೇಕು. ಬೆಳಿಗ್ಗೆ ಎದ್ದು ನೀರಿಗೆ ಹಾಕಿದರೆ ಸಿಪ್ಪೆ ಬಿಗಿಯಾಗಿಯೇ ಇರುತ್ತದೆ, ಮಕ್ಕಳು ಎರಡು ನಿಮಿಷಕ್ಕೆ ಕೈಬಿಡುತ್ತಾರೆ. ಕೊಡುವಾಗಲೂ ವಾಪಸ್ ಪಡೆಯುವಾಗಲೂ ಎಣಿಸಿಕೊಳ್ಳಬೇಕು, ಯಾಕೆಂದರೆ ಮೂಗಿಗೆ ಕಾಳು ತುರುಕಿಕೊಳ್ಳುವವರು ಪ್ರತಿ ತರಗತಿಯಲ್ಲೂ ಒಬ್ಬರು ಇದ್ದೇ ಇರುತ್ತಾರೆ.

ಇಷ್ಟೆಲ್ಲ ಯೋಚನೆ ಮಾಡಿದ ಟೀಚರ್ ವಾರಕ್ಕೊಂದು ಚೀಟಿಯಲ್ಲಿ ಮನೆಯವರಿಗೆ ಒಂದು ಸಾಲು ಬರೆದಿದ್ದರೆ ಮುಗಿಯುತ್ತಿತ್ತು: "ಬೆರಳಿಗೆ ಹಿಡಿತ ಬರಲಿ ಅಂತ ಈ ವಾರ ಅವರೆಕಾಳು ಹಿದುಕಿದೆವು, ಮನೆಯಲ್ಲೂ ಹತ್ತು ಕಾಳು ಹಿದುಕಲು ಕೊಡಿ." ಆ ಸಾಲು ಹೋಗುವುದಿಲ್ಲ. ಅದರ ಬದಲು ಶನಿವಾರ ಮಧ್ಯಾಹ್ನ ವಾಟ್ಸಾಪ್ ಗ್ರೂಪಿಗೆ ನಲವತ್ತು ಫೋಟೋ ಬೀಳುತ್ತವೆ.

ಈ ಫೋಟೋ ಸುರಿಮಳೆಯಿಂದ ಯಾರಿಗೂ ಏನೂ ತಿಳಿಯುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಪ್ರತಿ ತಾಯಿಯೂ ತನ್ನ ಮಗು ಎಲ್ಲಿದೆ ಅಂತ ಬೆರಳಾಡಿಸಿ ಹುಡುಕುತ್ತಾಳೆ. ಸಿಕ್ಕರೆ ಒಂದು ಕೈಮುಗಿದ ಚಿಹ್ನೆ, ಸಿಗದಿದ್ದರೆ "ಮಿಸ್, ನಮ್ಮ ಪಾಪು ಫೋಟೋ ಇಲ್ಲ". ಮಗು ಏನು ಮಾಡಿತು, ಯಾಕೆ ಮಾಡಿತು ಎಂಬುದು ಆ ನಲವತ್ತರಲ್ಲಿ ಒಂದರಲ್ಲೂ ಇರುವುದಿಲ್ಲ. ಖಾಸಗಿ ಶಾಲೆಗಳದ್ದು ಇನ್ನೊಂದು ಬಗೆ. ತಿಂಗಳ ಮೊದಲ ದಿನವೇ ಇಂಗ್ಲಿಷಿನಲ್ಲಿ ಥೀಮ್ ಪಟ್ಟಿ ಬರುತ್ತದೆ: ಗ್ರಾಸ್ ಮೋಟಾರ್ (ಓಟ, ಜಿಗಿತದಂಥ ಮೈಕೈ ಚಲನೆ), ಫೈನ್ ಮೋಟಾರ್ (ಬೆರಳಿನ ಕೆಲಸ), ಕಾಗ್ನಿಟಿವ್ (ಯೋಚನಾಶಕ್ತಿ). ಓದಿದ ಅಪ್ಪ ಫ್ರಿಜ್ಜಿಗೆ ಅಂಟಿಸಿ ಮರೆಯುತ್ತಾನೆ. "ಕುಂಟಾಬಿಲ್ಲೆ ಆಡಿಸುತ್ತೇವೆ" ಅಂತ ಬರೆಯಲು ಅದೇನು ನಾಚಿಕೆಯೋ.

ಈಗ ಮಗುವಿನ ಕಡೆಯಿಂದ ನೋಡಿ. "ಇವತ್ತು ಏನು ಕಲಿತೆ?" ಅಂತ ಕೇಳಿದರೆ ಐದು ವರ್ಷದ ಮಗು "ಏನಿಲ್ಲ" ಅನ್ನುತ್ತದೆ. ಅದು ಸುಳ್ಳೂ ಅಲ್ಲ, ಸೋಮಾರಿತನವೂ ಅಲ್ಲ. ಇಡೀ ದಿನದ ರಾಶಿಯಿಂದ ಒಂದನ್ನು ಆರಿಸಿ ತೆಗೆದು ವಾಕ್ಯ ಮಾಡುವುದು ಆ ವಯಸ್ಸಿಗೆ ಭಾರಿ ಕೆಲಸ. ನೆನಪಿನ ಎಳೆಯ ತುದಿಯನ್ನು ನಾವೇ ಕೈಗೆ ಕೊಡಬೇಕು. ನೀರಿನಲ್ಲಿ ಯಾವುದು ಮುಳುಗುತ್ತದೆ, ಯಾವುದು ತೇಲುತ್ತದೆ ಅಂತ ತರಗತಿಯಲ್ಲಿ ನೋಡಿದ ದಿನ "ಸ್ಟೀಲ್ ಚಮಚ ಮುಳುಗಿತಂತೆ, ಸ್ಟೀಲ್ ಬಟ್ಟಲು ಏನಾಯ್ತು?" ಅಂತ ಕೇಳಿ, ಹತ್ತು ನಿಮಿಷ ಬಾಯಿ ಮುಚ್ಚುವುದಿಲ್ಲ. ವಾರದ ಚೀಟಿ ಇರುವುದೇ ಆ ಎಳೆಯ ತುದಿಯನ್ನು ಮನೆಗೆ ಮುಟ್ಟಿಸಲು.

ಚೀಟಿಯಲ್ಲಿ ಏನಿರಬೇಕು? ನಾಲ್ಕೇ ಸಂಗತಿ: ಏನು ಮಾಡಿದೆವು, ಯಾವ ವಸ್ತು ಬಳಸಿದೆವು, ಅದರಿಂದ ಮಗುವಿಗೆ ಏನು ಬರುತ್ತದೆ, ಮನೆಯಲ್ಲಿ ಕೇಳಬೇಕಾದ ಒಂದು ಪ್ರಶ್ನೆ. ಎಲ್ಲ ಸೇರಿ ಅರವತ್ತರಿಂದ ಎಂಬತ್ತು ಪದ. ವಾರದಲ್ಲಿ ಹನ್ನೆರಡು ಚಟುವಟಿಕೆ ನಡೆದಿರಬಹುದು, ಚೀಟಿಗೆ ಹೋಗುವುದು ಒಂದೋ ಎರಡೋ. ಎಲ್ಲವನ್ನೂ ತುಂಬಿಸಿದರೆ ಅದು ವರದಿಯಾಗುತ್ತದೆ, ವರದಿಯನ್ನು ಯಾರೂ ಓದುವುದಿಲ್ಲ. ಪ್ರಶ್ನೆ ಮಾತ್ರ ಬಿಡಬಾರದು. ಬಾಕಿ ಮೂರನ್ನು ಬಿಟ್ಟು ಅದೊಂದನ್ನೇ ಕಳಿಸಿದರೂ ಅರ್ಧ ಕೆಲಸ ಆದಂತೆ.

ಮುಳುಗು-ತೇಲು ಚಟುವಟಿಕೆಯಲ್ಲಿ ಇನ್ನೊಂದು ಎಡವಟ್ಟು ಆಗುತ್ತದೆ. ಪ್ರಶ್ನೆ ಕಳಿಸಿದ ಕೂಡಲೇ ಅಪ್ಪಂದಿರು ಉತ್ತರ ಹೇಳಿಬಿಡುತ್ತಾರೆ: "ಭಾರ ಇದ್ದದ್ದು ಮುಳುಗುತ್ತೆ ಮಗಾ." ಅದು ತಪ್ಪು ಉತ್ತರ ಬೇರೆ. ಚಿಕ್ಕ ಬೆಣಚುಕಲ್ಲು ಮುಳುಗುತ್ತದೆ, ಅದಕ್ಕಿಂತ ಎಷ್ಟೋ ಭಾರದ ಮರದ ಮಣೆ ತೇಲುತ್ತದೆ. ಕಿತ್ತಳೆ ಹಣ್ಣನ್ನು ಸಿಪ್ಪೆ ಸಮೇತ ಬಿಟ್ಟರೆ ತೇಲುತ್ತದೆ, ಸುಲಿದು ಬಿಟ್ಟರೆ ಸಾಮಾನ್ಯವಾಗಿ ಮುಳುಗುತ್ತದೆ. ಸುಲಿದ ಮೇಲೆ ಭಾರ ಕಮ್ಮಿಯಾಗಿರುತ್ತದೆ, ಆದರೂ ಮುಳುಗುತ್ತದೆ. ಗಾಳಿ ತುಂಬಿದ ಸಿಪ್ಪೆಯೇ ಅದನ್ನು ಎತ್ತಿ ಹಿಡಿದಿತ್ತು. ಆದ್ದರಿಂದ ಇಂಥ ಚೀಟಿಯ ಕೊನೆಗೆ "ಉತ್ತರ ಹೇಳಬೇಡಿ, ಬಕೆಟ್ಟಿನಲ್ಲಿ ಮಾಡಿ ನೋಡಲು ಬಿಡಿ" ಅಂತ ಸ್ಪಷ್ಟವಾಗಿ ಬರೆಯಲೇಬೇಕು.

ಚೀಟಿ ಇಲ್ಲದಿದ್ದರೆ ಎಷ್ಟು ನಷ್ಟ ಎಂಬುದಕ್ಕೆ, ಸರ್ಕಾರಿ ಶಾಲೆಯ ಚಿಕ್ಕ ತರಗತಿಗಳಲ್ಲಿ ಚಟುವಟಿಕೆಯ ಮೂಲಕ ಕಲಿಸುವ ನಲಿ-ಕಲಿಗಿಂತ ದೊಡ್ಡ ಉದಾಹರಣೆ ಬೇಡ. 1995ರಲ್ಲಿ ನಮ್ಮದೇ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ಯುನಿಸೆಫ್ ನೆರವಿನಿಂದ, ಆಂಧ್ರದ ಋಷಿ ವ್ಯಾಲಿ ಶಾಲೆಯ ಮಾದರಿ ನೋಡಿಬಂದ ಸರ್ಕಾರಿ ಶಾಲಾ ಶಿಕ್ಷಕರೇ ಕಟ್ಟಿದ ಪದ್ಧತಿ ಅದು. ಆಮೇಲೆ ಇಡೀ ರಾಜ್ಯಕ್ಕೆ ಹಬ್ಬಿತು. ಆದರೆ ಇವತ್ತಿಗೂ ಊರ ಜಗಲಿಯ ಮೇಲೆ ಕೇಳುವ ದೂರು ಒಂದೇ: "ಮೂರು ತಿಂಗಳಾಯ್ತು, ಅ ಆ ಇ ಈನೇ ಹೇಳಿಕೊಟ್ಟಿಲ್ಲ." ಹೌದು, ಹೇಳಿಕೊಡುವುದಿಲ್ಲ! ಅಲ್ಲಿ ಅಕ್ಷರ ಶುರುವಾಗುವುದೇ ರ, ಗ, ಸ, ದ, ಅ ಎಂಬ ಐದರಿಂದ. ಕಾಗುಣಿತವಿಲ್ಲದ ಈ ಐದು ಅಕ್ಷರದಲ್ಲಿ ಮಗು ಸರ, ರಸ, ಅರಸ, ಅಗಸ, ಗರಗಸ ಓದುತ್ತದೆ. ದಸರ ಅಂತಲೂ ಓದುತ್ತದೆ, ಮೈಸೂರಿನ ಮಗುವಿಗೆ ಇನ್ನೇನು ಬೇಕು? ಆಮೇಲೆ ಜ, ವ, ಮ, ಬ, ನ ಸೇರಿದರೆ ಮರ, ಜನ, ಬಸವ, ನಗರ. ಅ ಆ ಇ ಈ ಉ ಕಲಿತ ಮಗುವಿಗೆ ಐದು ಅಕ್ಷರ ಬರುತ್ತವೆ, ಅವುಗಳಿಂದ ಆ, ಈ ಬಿಟ್ಟರೆ ಓದಲು ಪದ ಸಿಗುವುದಿಲ್ಲ.

ಈ ಲೆಕ್ಕ ಟೀಚರಿಗೆ ಗೊತ್ತು, ಮನೆಯವರಿಗೆ ಗೊತ್ತಿಲ್ಲ. ಹಾಗಾಗಿ ಸಂಜೆ ಟ್ಯೂಷನ್ನಿಗೆ ಹಾಕಿ ಅಲ್ಲಿ ಅ ದಿಂದ ಳ ವರೆಗೆ ತಿದ್ದಿಸುತ್ತಾರೆ. ಮಗು ಎರಡು ದೋಣಿಯ ಮೇಲೆ ಕಾಲಿಟ್ಟು ನಿಲ್ಲುತ್ತದೆ. ಜೂನ್ ತಿಂಗಳ ಮೊದಲ ಚೀಟಿಯಲ್ಲೇ ಆ ಐದು ಅಕ್ಷರ ಬರೆದು, ಕೆಳಗೆ "ಬಸ್ಸಿನ ಬೋರ್ಡಿನಲ್ಲಿ, ಅಂಗಡಿ ಹೆಸರಿನಲ್ಲಿ ಈ ಐದನ್ನು ಹುಡುಕಿಸಿ, ಬೇರೆ ಅಕ್ಷರ ಸದ್ಯಕ್ಕೆ ಬೇಡ" ಅಂತ ಸೇರಿಸಿದ್ದರೆ ಸಾಕಿತ್ತು.

ನಲಿ-ಕಲಿ ತರಗತಿಗೆ ಒಂದು ಎಚ್ಚರಿಕೆ. ಅಲ್ಲಿ ಕಲಿಯಬೇಕಾದದ್ದನ್ನೆಲ್ಲ ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದ ಕಲಿಕಾ ಏಣಿ ಇರುತ್ತದೆ, ಎಲ್ಲ ಮಕ್ಕಳೂ ಅದರ ಒಂದೇ ಮೆಟ್ಟಿಲಲ್ಲಿ ಇರುವುದಿಲ್ಲ. "ಈ ವಾರ ಎಲ್ಲರೂ ಇಲ್ಲಿಗೆ ಮುಟ್ಟಿದರು" ಅಂತ ಬರೆದರೆ ಅದು ಸುಳ್ಳಾಗುತ್ತದೆ, ಹಿಂದಿರುವ ಮಗುವಿನ ಮನೆಯಲ್ಲಿ ಗಲಾಟೆಯೂ ಆಗುತ್ತದೆ. ಗುಂಪಿಗೆ ಹೋಗುವ ಚೀಟಿಯಲ್ಲಿ ಚಟುವಟಿಕೆ ಮಾತ್ರ ಇರಲಿ. ಯಾವ ಮಗು ಯಾವ ಮೈಲಿಗಲ್ಲಿನಲ್ಲಿದೆ ಎಂಬುದು ಎದುರಾಬದುರು ಕೂತು ಆಡುವ ಮಾತು. ಶಿಕ್ಷಣ ಹಕ್ಕು ಕಾಯ್ದೆ, 2009ರ 24ನೇ ಸೆಕ್ಷನ್ ಪೋಷಕರ ಸಭೆ ಕರೆದು ಹಾಜರಿ, ಕಲಿಕೆಯ ಪ್ರಗತಿ ತಿಳಿಸುವುದನ್ನು ಶಿಕ್ಷಕರ ಕರ್ತವ್ಯ ಎಂದೇ ಹೇಳುತ್ತದೆ. ಯಾವ ಮಗು ಎಲ್ಲಿಗೆ ಮುಟ್ಟಿದೆ ಎಂದು ಗುರುತಿಸುವ, ಗೋಡೆಯ ಮೇಲಿನ ಪ್ರಗತಿ ನೋಟದ ಫೋಟೋ ತೆಗೆದು ಗ್ರೂಪಿಗೆ ಹಾಕುವುದಂತೂ ಬೇಡವೇ ಬೇಡ. ಅದು ಟೀಚರ್ ಕೆಲಸಕ್ಕೆ ಬೇಕಾದದ್ದು, ಬೀದಿಯಲ್ಲಿ ಹೋಲಿಸಿ ನೋಡಲಿಕ್ಕಲ್ಲ.

ಇನ್ನು ಮುಟ್ಟಿಸುವ ದಾರಿ. ವಾಟ್ಸಾಪ್ ಇದೆಯಲ್ಲ ಅನ್ನುತ್ತೀರಿ. ಮದ್ದೂರು, ಶ್ರೀರಂಗಪಟ್ಟಣದ ಕಡೆ ಗಾರ್ಮೆಂಟ್ಸಿಗೆ ಹೋಗುವ ತಾಯಿ ಬೆಳಿಗ್ಗೆ ಮಗು ಏಳುವ ಮೊದಲೇ ಬಸ್ಸು ಹತ್ತಿರುತ್ತಾಳೆ. ಗ್ರೂಪಿನಲ್ಲಿರುವ ನಂಬರ್ ಅಪ್ಪನದ್ದು, ಅವನು ಗದ್ದೆಯಲ್ಲೋ ಆಟೋ ಸ್ಟ್ಯಾಂಡಿನಲ್ಲೋ. ಮಗುವಿನ ಜೊತೆ ಸಂಜೆ ಕೂರುವುದು ಅಜ್ಜಿ, ಅವರಿಗೆ ಓದು ಬರುವುದಿಲ್ಲ. ಆದ್ದರಿಂದ ಬರಹದ ಜೊತೆ ಒಂದು ನಿಮಿಷದ ವಾಯ್ಸ್ ಮೆಸೇಜ್ ಇರಲಿ. ಅದರಲ್ಲಿ ವಾರದ ಪದ್ಯವನ್ನು ಒಂದು ಸಲ ರಾಗವಾಗಿ ಹೇಳಿಬಿಡಿ. ಅಜ್ಜಿ ಎರಡನೇ ಸಲ ಕೇಳುವಷ್ಟರಲ್ಲಿ ಮೂರನೇ ಸಾಲನ್ನು ತಾವೇ ಸೇರಿಸಿರುತ್ತಾರೆ. ಗ್ರೂಪಿನಲ್ಲಿ ಅಡ್ಮಿನ್ ಮಾತ್ರ ಬರೆಯುವಂತೆ ಸೆಟ್ಟಿಂಗ್ ಇಡದಿದ್ದರೆ ಶುಭೋದಯದ ಹೂಗಳಲ್ಲಿ ಚೀಟಿ ಮುಚ್ಚಿಹೋಗುತ್ತದೆ. ಕೆಲವರು ಒಂದೇ ಸಂದೇಶ ಪ್ರತಿಯೊಬ್ಬರಿಗೂ ಬೇರೆಬೇರೆಯಾಗಿ ಹೋಗುವ ಬ್ರಾಡ್‌ಕಾಸ್ಟ್ ಲಿಸ್ಟ್ ಮಾಡುತ್ತಾರೆ. ಟೀಚರ್ ನಂಬರನ್ನು ಸೇವ್ ಮಾಡಿಕೊಳ್ಳದವರಿಗೆ ಅದು ತಲುಪುವುದೇ ಇಲ್ಲ.

ಕಾಗದವೇ ಸುಲಭ ಅನ್ನುವವರಿಗೆ: ಎ4 ಹಾಳೆಯನ್ನು ನಾಲ್ಕು ಮಾಡಿದರೆ ಮೂವತ್ತು ಮಕ್ಕಳಿಗೆ ಎಂಟು ಹಾಳೆ. ಪುಸ್ತಕದ ಬ್ಯಾಗಿಗೆ ಹಾಕಿದರೆ ಭಾನುವಾರ ರಾತ್ರಿಯವರೆಗೂ ಯಾರೂ ತೆಗೆಯುವುದಿಲ್ಲ, ಊಟದ ಬ್ಯಾಗಿಗೆ ಹಾಕಿ, ಡಬ್ಬಿ ತೊಳೆಯುವವರ ಕೈಗೆ ಆ ಸಂಜೆಯೇ ಸಿಗುತ್ತದೆ. ಬಿಸಿಯೂಟದ ಶಾಲೆಗಳಲ್ಲಿ ಗೇಟಿನ ಪಕ್ಕ ಒಂದು ಕರಿಹಲಗೆ ಸಾಕು, ಬಿಡಲು ಬಂದವರು ನಿಂತು ಓದುವ ಎತ್ತರಕ್ಕೆ. ಅಂಗನವಾಡಿಗೂ ಇದೇ ಸರಿ.

ದಿನ ಯಾವುದು? ಎಲ್ಲರೂ ಶನಿವಾರ ಅನ್ನುತ್ತಾರೆ, ನಾನು ಗುರುವಾರ ಸಂಜೆ ಅನ್ನುತ್ತೇನೆ. ಶನಿವಾರ ಕಳಿಸಿದ್ದು ಭಾನುವಾರದ ಮದುವೆ, ಬೀಗರೂಟದಲ್ಲಿ ಕರಗಿಹೋಗುತ್ತದೆ. ಗುರುವಾರ ಕಳಿಸಿದರೆ ಮಗುವಿನ ನೆನಪು ಇನ್ನೂ ಬಿಸಿಯಾಗಿರುತ್ತದೆ, ಮನೆಯಲ್ಲಿ ಆಡಿದ ಮಾತು ಶುಕ್ರವಾರ ತರಗತಿಗೆ ವಾಪಸ್ ಬರುತ್ತದೆ.

ಫೋಟೋ ಬೇಕೇಬೇಕು ಅಂದರೆ ಮೂರು ಸಾಕು. ಮುಖ ಬೇಡ, ಕೈ ಮತ್ತು ವಸ್ತು ಕಾಣಲಿ. ಕಾಳು ಹಿಡಿದ ಎರಡು ಬೆರಳಿನ ಫೋಟೋ ಮೂವತ್ತು ನಗುಮುಖಕ್ಕಿಂತ ಹೆಚ್ಚು ಹೇಳುತ್ತದೆ, "ನಮ್ಮ ಪಾಪು ಎಲ್ಲಿ" ಎಂಬ ಪ್ರಶ್ನೆಯೂ ಹುಟ್ಟುವುದಿಲ್ಲ. ಗ್ರೂಪಿಗೆ ಬಿದ್ದ ಫೋಟೋ ಯಾರ ಸ್ಟೇಟಸ್ಸಿಗೆ ಹೋಗುತ್ತದೋ ಯಾರು ಬಲ್ಲರು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರನ್ನೆಲ್ಲ ಮಕ್ಕಳೆಂದೇ ಎಣಿಸಿ, ಅವರ ಮಾಹಿತಿಗೆ ಪೋಷಕರ ಒಪ್ಪಿಗೆ ಬೇಕು ಅನ್ನುತ್ತದೆ. ವರ್ಷದ ಆರಂಭದಲ್ಲೇ ಸಹಿ ಪಡೆದಿಡಿ, ಒಲ್ಲೆ ಅಂದವರನ್ನು ಯಾಕೆ ಅಂತ ಕೇಳಬೇಡಿ.

ಟೀಚರುಗಳ ಗೋಳು ಗೊತ್ತಿಲ್ಲದೆ ಬರೆಯುತ್ತಿಲ್ಲ. ತುಂಬಬೇಕಾದ ದಾಖಲೆ ಈಗಲೇ ಬೇಕಾದಷ್ಟಿವೆ. ಅದಕ್ಕೇ ಹೇಳುವುದು: ಇದನ್ನು ಇನ್ನೊಂದು ದಾಖಲೆ ಮಾಡಬೇಡಿ. ಚೀಟಿಗಳ ಫೈಲ್ ತೋರಿಸಿ ಅಂತ ಯಾರಾದರೂ ಕೇಳಲು ಶುರು ಮಾಡಿದ ದಿನವೇ ಅದರ ಭಾಷೆ ಬದಲಾಗುತ್ತದೆ. "ಕಾಳು ಹಿದುಕಿದೆವು" ಹೋಗಿ "ಸೂಕ್ಷ್ಮ ಸ್ನಾಯು ಚಲನಾ ಕೌಶಲ ವರ್ಧನೆ" ಬಂದು ಕೂರುತ್ತದೆ. ದಿನಾ ತರಗತಿ ಮುಗಿದಾಗ ಡೈರಿಯಲ್ಲಿ ಒಂದು ಸಾಲು ಗೀಚಿಟ್ಟರೆ ಗುರುವಾರ ಚೀಟಿಗೆ ಇಪ್ಪತ್ತು ನಿಮಿಷವೂ ಬೇಡ.

ಒಂದು ಮಾದರಿ ಕೆಳಗಿದೆ. ನಿಮ್ಮ ತರಗತಿಗೆ ತಕ್ಕಂತೆ ತಿದ್ದಿ ಬಳಸಿ.

"ಈ ವಾರ ಬೆಂಚನ್ನು ಗೇಣಿನಲ್ಲಿ ಅಳೆದೆವು. ಟೀಚರ್ ಅಳೆದಾಗ 6 ಗೇಣು, ಮಕ್ಕಳು ಅಳೆದಾಗ 9 ಗೇಣು ಬಂತು. ಬೆಂಚು ಒಂದೇ, ಲೆಕ್ಕ ಬೇರೆ ಯಾಕೆ ಅಂತ ಜಗಳವೂ ಆಯಿತು! ಸ್ಕೇಲು ಯಾಕೆ ಬೇಕು ಎಂಬುದು ಮಕ್ಕಳಿಗೆ ಹೀಗೆ ಹೊಳೆಯುತ್ತದೆ. ಮನೆಯಲ್ಲಿ ಹೂ ತಂದಾಗ ಅಮ್ಮನ ಕೈಯಲ್ಲಿ ಎಷ್ಟು ಮೊಳ, ನಿನ್ನ ಕೈಯಲ್ಲಿ ಎಷ್ಟು ಮೊಳ ಅಂತ ಅಳೆಸಿ. ಪಾವು, ಸೇರು ಇದ್ದರೆ ಎಷ್ಟು ಪಾವು ಅಕ್ಕಿಗೆ ಸೇರು ತುಂಬುತ್ತದೆ ಅಂತ ಸುರಿದು ನೋಡಲು ಬಿಡಿ. ನಾಲ್ಕು ಅಂತ ನೀವೇ ಹೇಳಬೇಡಿ. ಕೆಳಗೆ ಚಾಪೆ ಹಾಸಿ, ಅಕ್ಕಿ ಚೆಲ್ಲುತ್ತದೆ."